ಹಲ್ಲು ಕಡಿಯುವ ಅಂಗಡಿ

ಬೇರೆಯವರ ಮನೆಗೆ ನೆಂಟರು ಬಂದ ಹಾಗೆ ನಮ್ಮ ವರ್ಕ್‌ಶಾಪಿಗೆ ದೆವ್ವಗಳು ಬರುತ್ತವೆ. ನಾವು ಕರೆಯುವುದಿಲ್ಲ, ಆದರೂ ವರ್ಷಕ್ಕೆ ಒಂದೆರಡಾದರೂ ಗ್ಯಾರಂಟಿ. ಬಾಳ್ಳುಪೇಟೆಯಲ್ಲಿ ಹೈವೇ ಪಕ್ಕಕ್ಕೆ ನಮ್ಮದು ಒಂದು ಲೇತು, ಒಂದು ಮಿಲ್ಲಿಂಗ್ ಮಿಷನ್ ಇರುವ ಅಂಗಡಿ. ಗೇರಿಗೆ ಹಲ್ಲು ಕಡಿದು ಕೊಡುವುದು ಕೆಲಸ. ಕಡಿಯುವವರು ನಮ್ಮ ಯಜಮಾನರು. ಎಷ್ಟು ಹಲ್ಲು, ಎಷ್ಟು ದಪ್ಪ, ಯಾವ ಚಕ್ರ ಯಾವುದನ್ನು ಎಷ್ಟು ಸುತ್ತು ತಿರುಗಿಸಬೇಕು ಅಂತ ಲೆಕ್ಕ ಹಾಕುವವಳು ನಾನು. ಹಾಸನದಲ್ಲಿ ಡಿಪ್ಲೊಮಾ ಓದುವಾಗ ಕ್ಲಾಸಿಗೆಲ್ಲ ನಾನೊಬ್ಬಳೇ ಹುಡುಗಿ. “ಗೇರಿನ ಲೆಕ್ಕ ಕಲಿತು ನೀನೇನಮ್ಮ ಮಾಡ್ತೀಯಾ?” ಅಂತ ಮೇಷ್ಟ್ರು ಕೇಳಿದ್ದರು. ದೆವ್ವ ಓಡಿಸ್ತೀನಿ ಸಾರ್ ಅಂತ ಹೇಳುವುದಕ್ಕೆ ಆಗ ನನಗೂ ಗೊತ್ತಿರಲಿಲ್ಲ.

೧. ಅಜ್ಜಿಗೆ ಹಲ್ಲು

ಅಂಗಡಿ ತೆಗೆದ ಹೊಸದರಲ್ಲಿ ಒಂದು ಬೆಳಗ್ಗೆ ಫೋನ್ ಬಂತು. ಆಲೂರು ಕಡೆಯ ಒಬ್ಬ ಬೆಳೆಗಾರರು. ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ದನಿಯಲ್ಲಿ ಅಳು ಒಂದು ಬಾಕಿ.

“ಅಕ್ಕಾ, ನಮ್ಮಜ್ಜಿ ಕಿರುಚ್ತಾ ಐತೆ ಅಕ್ಕಾ.”

ರಾಂಗ್ ನಂಬರ್ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರ ಹಿಂದಿನಿಂದ ನಿಜವಾಗಿಯೂ ಒಂದು ಸದ್ದು ಕೇಳಿತು. ಉದ್ದಕ್ಕೆ ಎಳೆದು, ನಡುವೆ ತುಂಡಾಗಿ, ಮತ್ತೆ ಎಳೆದು. ಮನುಷ್ಯರ ಗಂಟಲಿನಿಂದ ಅಂಥ ಸದ್ದು ಬರುವುದನ್ನು ನಾನು ಕೇಳಿರಲಿಲ್ಲ.

“ಏನಾಯ್ತು ಅವರಿಗೆ?”

“ಮೂರು ಹಲ್ಲು ಮುರಿದು ಒಳಕ್ಕೇ ಹೋಗ್ಬುಟ್ಟವೆ. ಕೆಂಪು ನೀರು ಸುರೀತಾ ಐತೆ. ಆದ್ರೂ ತಿರುಗ್ತಾನೇ ಐತೆ!”

“ಅಯ್ಯೋ, ಮೊದ್ಲು ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ರೀ!”

“ಡಾಕ್ಟ್ರು ಏನ್ ಮಾಡ್ತಾರೆ? ನಿಮ್ಮೆಜಮಾನ್ರನ್ನ ಕಳ್ಸಿ. ಅವ್ರು ಬರೋಷ್ಟೊತ್ತಿಗೆ ಅಜ್ಜಿನ ನಾನೇ ಬಿಚ್ಚಿ ಗೋಣಿಚೀಲದ ಮೇಲೆ ಹರಡಿರ್ತೀನಿ.”

ನಾನು ಫೋನನ್ನು ಬೆಂಕಿಯ ಹಾಗೆ ಯಜಮಾನರ ಕೈಗೆ ದಾಟಿಸಿದೆ. ಅವರು ಎರಡು ನಿಮಿಷ ಹೂಂಗುಟ್ಟಿ ನಗುವುದಕ್ಕೆ ಶುರು ಮಾಡಿದರು. ಅಜ್ಜಿ ಅಂದರೆ ಆ ಬೆಳೆಗಾರರ ತಾತನ ಕಾಲದ ಪಲ್ಪರ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಕೆಂಪು ನೀರು ಹಣ್ಣಿನದು. ಮಧ್ಯಾಹ್ನ ಮುರಿದ ಗೇರು ನನ್ನ ಮೇಜಿಗೆ ಬಂತು. ಹೊರಗಿನ ಅಳತೆ ತೊಂಬತ್ತು ಮಿಲಿಮೀಟರ್. ಇದ್ದ ಹಲ್ಲು, ಹೋದ ಹಲ್ಲಿನ ಬುಡ ಎಲ್ಲ ಸೇರಿ ಇಪ್ಪತ್ತೆಂಟು. ಇಪ್ಪತ್ತೆಂಟಕ್ಕೆ ಎರಡು ಸೇರಿಸಿ, ಅದರಿಂದ ತೊಂಬತ್ತನ್ನು ಭಾಗಿಸಿದರೆ ಮೂರು. ಅಂದರೆ ಹಲ್ಲು ಕಡಿಯುವುದಕ್ಕೆ ಮೂರನೇ ನಂಬರಿನ ಕಟರು. ಯಜಮಾನರು ಸಂಜೆಯೊಳಗೆ ಹೊಸ ಗೇರು ಕಡಿದು ಕಳಿಸಿದರು.

ವಾರ ಬಿಟ್ಟು ನಾನೇ ಫೋನ್ ಮಾಡಿ ಕೇಳಿದೆ, “ಅಜ್ಜಿ ಹೆಂಗಿದಾರೆ?”

“ಅದು ಚೆನ್ನಾಗಿ ಅಗೀತಾ ಐತೆ. ನಮ್ಮನೆ ನಿಜವಾದ ಅಜ್ಜಿ ಮಾತು ಬಿಟ್ಟೈತೆ ಕಣಕ್ಕಾ. ‘ಆ ಮಿಷನ್ನಿಗೆ ಒಂದೇ ದಿನದಾಗೆ ಹಲ್ಲು ಕಟ್ಟಿಸ್ದೆ, ನಂಗೆ ಹತ್ತು ವರ್ಷದಿಂದ ನಾಳೆ ನಾಳೆ ಅಂತೀಯ’ ಅಂತ.”

೨. ತಾನಾಗಿ ತೆರೆಯುವ ಗೇಟು

ವನಗೂರು ಕಡೆಯ ಒಂದು ಎಸ್ಟೇಟಿನಲ್ಲಿ ಪಕ್ಕಕ್ಕೆ ಸರಿಯುವ ದೊಡ್ಡ ಕಬ್ಬಿಣದ ಗೇಟು. ರಿಮೋಟ್ ಒತ್ತಿದರೆ ಮೋಟಾರು ತಿರುಗಿ ತೆರೆಯುತ್ತದೆ. ಕೆಲವು ದಿನದಿಂದ ಅದು ಯಾರೂ ಒತ್ತದೆಯೇ ತೆರೆಯುವುದಕ್ಕೆ ಶುರುವಾಗಿತ್ತು. ಮನೆಯ ಸೊಸೆ ನನ್ನನ್ನು ಕರೆಸಿದ್ದರು.

“ಕರೆಂಟ್ ಇರಲ್ಲ, ಗಾಳಿ ಇರಲ್ಲ. ಮಂಜು ಬಿದ್ದಿರೋ ಹೊತ್ನಲ್ಲಿ ಮೆಲ್ಲಗೆ ಸರಿಯತ್ತೆ. ಒಬ್ಬ ಮನುಷ್ಯ ಒಳಗೆ ಬರೋಷ್ಟು ಜಾಗ ಆದ್ಮೇಲೆ ನಿಲ್ಲತ್ತೆ.”

ಹೇಳುತ್ತಿದ್ದ ಹಾಗೇ, ದಿನದಂತೆ ಹಗಲು ಹನ್ನೊಂದಕ್ಕೆ ಕರೆಂಟ್ ಹೋಯಿತು. ನಾವಿಬ್ಬರೂ ಗೇಟಿನ ಮುಂದೆ ನಿಂತಿದ್ದೆವು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮಂಜಿನೊಳಗೆ ಗೇಟು ಒಂದು ಬೆರಳಷ್ಟು ಸರಿಯಿತು. ಇನ್ನೊಂದು ಬೆರಳು. ಯಾರೋ ಆಚೆಯಿಂದ, ಮನೆಯವರಿಗೆ ಎಚ್ಚರವಾಗಬಾರದು ಅಂತ ಮೆತ್ತಗೆ ತಳ್ಳುತ್ತಿದ್ದ ಹಾಗೆ. ಆಚೆ ನೋಡಿದೆ. ಯಾರೂ ಇರಲಿಲ್ಲ. ಸೊಸೆ ನನ್ನ ಮೊಣಕೈ ಹಿಡಿದುಕೊಂಡರು, ನಾನು ಅವರದನ್ನು ಹಿಡಿದುಕೊಂಡೆ.

ಕೊನೆಗೆ ಮೋಟಾರಿನ ಮುಚ್ಚಳ ಬಿಚ್ಚಿದೆ. ಮೊದಲು ಅದರಲ್ಲಿ ಸ್ಕ್ರೂವಿನಂಥ ಗೇರು ಇತ್ತಂತೆ. ಮೋಟಾರು ಗೇಟನ್ನು ತಳ್ಳಬಹುದು, ಗೇಟು ಮೋಟಾರನ್ನು ತಿರುಗಿಸಲಾರದು, ಅದು ಅದರ ಗುಣ. ಸವೆದಾಗ ಯಾರೋ ಅದನ್ನು ತೆಗೆದು ನೆಟ್ಟನೆ ಹಲ್ಲಿನ ಗೇರುಗಳನ್ನು ಸಾಲಾಗಿ ಜೋಡಿಸಿದ್ದರು. ಈ ಗೇರುಗಳಿಗೆ ಒಡೆಯ ಯಾರು ಅನ್ನುವ ಭೇದ ಇಲ್ಲ. ಯಾವ ತುದಿಯಿಂದ ತಳ್ಳಿದರೂ ತಿರುಗುತ್ತವೆ. ನೆಲ ಕೊಂಚ ಇಳಿಜಾರು. ಕರೆಂಟ್ ಹೋಗಿ ಮೋಟಾರಿನ ಹಿಡಿತ ತಪ್ಪಿದರೆ, ಗೇಟಿನ ಭಾರವೇ ಅದನ್ನು ಹಿಮ್ಮುಖವಾಗಿ ತಿರುಗಿಸಿಕೊಂಡು ಹೋಗಿ ಒಂದು ಏರಿನ ಹತ್ತಿರ ನಿಲ್ಲುತ್ತಿತ್ತು. ಕೊನೆಯ ಗೇರಿಗೆ, ಕರೆಂಟ್ ಹೋದಾಗ ಹಲ್ಲಿಗೆ ಬಿದ್ದು ಹಿಡಿಯುವ ಒಂದು ತಡೆಗೊಕ್ಕೆ ಹಾಕಿಸಿ ಬಂದೆ.

ಮಾರನೇ ದಿನ ಆ ಮನೆಯ ಅತ್ತೆಯ ಫೋನ್. ಎಂಬತ್ತು ದಾಟಿದ ಹೆಂಗಸು. ಗಂಡ ಹೋಗಿ ವರ್ಷ ತುಂಬಿರಲಿಲ್ಲ.

“ಏನಮ್ಮಾ, ಗೇಟು ಬಂದ್ ಮಾಡ್ಬುಟ್ಟೆಯಂತೆ? ನಮ್ಮೋರು ದಿನಾ ಹನ್ನೊಂದು ಗಂಟೆಗೆ ತೋಟದಿಂದ ಕಾಫಿಗೆ ಬರ್ತಿದ್ರು.”

ಇಳಿಜಾರು, ಗೇರು, ಭಾರ ಅಂತ ಮೆಲ್ಲಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅದೆಲ್ಲ ಸರಿ ಮಾರಾಯ್ತಿ. ಈಗ ಅವ್ರು ಒಳಕ್ಕೆ ಹೆಂಗೆ ಬರ್ಬೇಕು? ರಿಮೋಟು ಸೊಸೆ ಹತ್ರ ಐತೆ.”

೩. ಸೀರೆ ಉಟ್ಟ ಗೊಂಬೆ

ಇದರಲ್ಲಿ ತಪ್ಪು ನನ್ನದೇ. ನಮ್ಮ ಪೇಟೆಯ ಬಟ್ಟೆ ಅಂಗಡಿಯವರು ಆಳೆತ್ತರದ ಗೊಂಬೆ ತಂದಿದ್ದರು. ಸೀರೆ ಉಡಿಸಿ ನಡು ಅಂಗಡಿಯಲ್ಲಿ ನಿಲ್ಲಿಸಿ, ನಿಮಿಷಕ್ಕೆ ಒಂದು ಸುತ್ತು ತಿರುಗುವ ಹಾಗೆ ಮಾಡಿಕೊಡಿ ಅಂದರು. ಒಂದು ಹಳೆಯ ಪುಟ್ಟ ಮೋಟಾರನ್ನೂ ಅವರೇ ಕೊಟ್ಟರು. ಅದರ ಮೇಲೆ ನಿಮಿಷಕ್ಕೆ ಅರವತ್ತು ಸುತ್ತು ಅಂತ ಬರೆದಿತ್ತು. ಅರವತ್ತನ್ನು ಒಂದಕ್ಕೆ ಇಳಿಸಬೇಕು. ಇಪ್ಪತ್ತು ಹಲ್ಲಿನ ಗೇರು ಅರವತ್ತು ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರು ಪಾಲು ಕಡಿಮೆ. ಹದಿನೈದು ಅರವತ್ತನ್ನು ತಿರುಗಿಸಿದರೆ ನಾಲ್ಕು ಪಾಲು. ಹದಿನಾರು ಎಂಬತ್ತನ್ನು ತಿರುಗಿಸಿದರೆ ಐದು. ಮೂರು ನಾಲ್ಕಲ ಹನ್ನೆರಡು, ಹನ್ನೆರಡೈದಲ ಅರವತ್ತು. ಎಷ್ಟು ಚೆಂದ ಲೆಕ್ಕ! ಕೂರಿಸುವ ದಿನ ಕರೆಂಟಿರಲಿಲ್ಲ. ಬಂದ ಮೇಲೆ ಸ್ವಿಚ್ ಹಾಕಿಕೊಳ್ಳಿ ಅಂತ ಹೇಳಿ ಬಂದೆವು.

ಮೂರನೇ ದಿನ ಅಂಗಡಿಯವರು ನಮ್ಮ ಬಾಗಿಲಿಗೆ ಬಂದು ಪಿಸುಗುಟ್ಟಿದರು. “ಅಮ್ಮಾ, ಗೊಂಬೆ ತಿರುಗ್ತಾ ಇಲ್ಲ.”

“ಅಯ್ಯೋ, ಸರಿ ಮಾಡಿಕೊಡ್ತೀವಿ ಬಿಡಿ.”

“ಪೂರ್ತಿ ಕೇಳಿ. ತಿರುಗ್ತಾ ಇಲ್ಲ. ಆದ್ರೆ ನೋಡ್ತಾ ಐತೆ.”

ಹೋದೆ. ಗೊಂಬೆ ಬಾಗಿಲ ಕಡೆ ಮುಖ ಮಾಡಿ ಅಲುಗಾಡದೆ ನಿಂತಿತ್ತು. ಎದುರು ಸ್ಟೂಲಿನಲ್ಲಿ ಕೂತು ಎರಡು ನಿಮಿಷ ದಿಟ್ಟಿಸಿದೆ. ಎವೆಯಷ್ಟೂ ಕದಲಲಿಲ್ಲ. ಟೀ ತರಿಸಿದರು. ಕುಡಿಯುತ್ತಾ ಹಬ್ಬದ ವ್ಯಾಪಾರ, ಮಳೆ ಅಂತ ಮಾತಾಡಿದೆವು. ಲೋಟ ಕೆಳಗಿಟ್ಟು ತಲೆ ಎತ್ತಿದೆ. ಗೊಂಬೆ ನನ್ನನ್ನು ನೋಡುತ್ತಿತ್ತು. ಬಾಗಿಲಿನ ಕಡೆಯಲ್ಲ, ನನ್ನನ್ನೇ, ಅದೇ ಬಣ್ಣದ ನಗು ಇಟ್ಟುಕೊಂಡು. ಮಟಮಟ ಮಧ್ಯಾಹ್ನದಲ್ಲಿ ನಾನು ಸ್ಟೂಲನ್ನು ಹಿಂದಕ್ಕೆ ಎಳೆದುಕೊಂಡೆ.

ಆಮೇಲೆ ಬುದ್ಧಿ ಬಂತು. ಮೋಟಾರಿನ ಹೊಟ್ಟೆ ತೆಗೆದರೆ ಒಳಗೆ ಮೊದಲೇ ಯಾರೋ ಜಾಣರು ಕೂರಿಸಿದ್ದ ಪುಟಾಣಿ ಗೇರುಗಳು. ಅವೇ ಅರವತ್ತನ್ನು ಒಂದಕ್ಕೆ ಇಳಿಸಿದ್ದವು. ಅದರ ಮೇಲೆ ನಾನು ಮತ್ತೆ ಅರವತ್ತು ಪಾಲು ಇಳಿಸಿದ್ದೆ. ಗೊಂಬೆ ನಿಮಿಷಕ್ಕಲ್ಲ, ಗಂಟೆಗೆ ಒಂದು ಸುತ್ತು ಬರುತ್ತಿತ್ತು. ಕಣ್ಣಿಗೆ ಕಾಣುವ ಚಲನೆಯಲ್ಲ ಅದು. ಆದರೆ ಹತ್ತು ನಿಮಿಷ ಮೈಮರೆತರೆ ಅದು ಬೇರೆ ಯಾರನ್ನೋ ನೋಡುತ್ತಿರುತ್ತದೆ.

ನಾಚಿಕೆಯಾಯಿತು. “ತಪ್ಪಾಯ್ತು, ನಾಳೆನೇ ಬದಲಾಯಿಸ್ತೀನಿ” ಅಂದೆ.

ಅಂಗಡಿಯವರು ಒಳಗಡೆ ಮೌನವಾಗಿ ಸೀರೆ ಮಡಚುತ್ತಿದ್ದ ಮೂವರು ಕೆಲಸದವರ ಕಡೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. “ಮುಟ್ಟಬೇಡಿ. ಅದು ಬಂದಾಗಿಂದ ಇವರಲ್ಲಿ ಒಬ್ರೂ ಮೊಬೈಲ್ ಮುಟ್ಟಿಲ್ಲ.”

೪. ಹದಿನೇಳನೇ ಸುತ್ತು

ಕೊಯ್ಲಿನ ಕಾಲ. ಬರಬಾರದ ಮಳೆ ಬಂದು ಮೂರು ದಿನದಿಂದ ಬಿಸಿಲಿಲ್ಲ. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನ ರೈಟರ್ ಮಧ್ಯಾಹ್ನ ಜೀಪಿನಲ್ಲಿ ಬಂದರು. ಲೆಕ್ಕಪತ್ರ, ಆಳುಕಾಳು ಎಲ್ಲ ನೋಡಿಕೊಳ್ಳುವ ಗಟ್ಟಿ ಮನುಷ್ಯ. ಅವತ್ತು ಅವರ ಬಾಯಿ ಒಣಗಿತ್ತು.

ಅಲ್ಲಿ ಹಸಿ ಕಾಫಿಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ದೊಡ್ಡ ಕಬ್ಬಿಣದ ಡ್ರಮ್ಮು ಇದೆ. ಅರ್ಧ ನಿಮಿಷಕ್ಕೊಂದು ಸುತ್ತಿನ ಹಾಗೆ ನಿಧಾನಕ್ಕೆ ತಿರುಗುತ್ತದೆ. ಅದನ್ನು ಇಪ್ಪತ್ತು ವರ್ಷ ನೋಡಿಕೊಂಡಿದ್ದ ಮುದುಕ ಕೈಯಲ್ಲಿ ಬೆತ್ತ ಹಿಡಿದು ಆಗಾಗ ಡ್ರಮ್ಮಿಗೆ ಒಂದು ಏಟು ಕೊಡುತ್ತಿದ್ದನಂತೆ. ಬರುವ ಸದ್ದಿನಲ್ಲೇ ಬೀಜ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದನಂತೆ. ಆತ ಆ ವರ್ಷದ ಮಳೆಗಾಲದಲ್ಲಿ ತೀರಿಕೊಂಡಿದ್ದ.

“ಈಗ ಏಟು ಬೀಳ್ತಾ ಐತೆ ಅಮ್ಮಾ. ಹೊಡೆಯೋರು ಯಾರೂ ಇಲ್ಲ.”

“ಎಷ್ಟೊತ್ತಿಗೊಂದ್ಸಲ?”

ರೈಟರ್ ಯೋಚಿಸಿದರು. “ಇನ್ನು ಬೀಳಲ್ಲ ಬಿಡು ಅಂತ ಧೈರ್ಯ ಬರೋಷ್ಟೊತ್ತಿಗೆ.”

ಎಸ್ಟೇಟಿನ ಲೈನುಮನೆಗಳ ಆಳುಗಳು ಒಬ್ಬರೂ ಡ್ರಮ್ಮು ಇರುವ ಸ್ಟೋರಿನ ಒಳಗೆ ಕಾಲಿಡುತ್ತಿರಲಿಲ್ಲ. ಒಲೆಗೆ ಸೌದೆ ಹಾಕುವವರಿಲ್ಲ. ಡ್ರಮ್ಮಿನ ತುಂಬ ಕಾಫಿ, ಹೊರಗೆ ಇನ್ನೂ ರಾಶಿ. ಒಂದು ದಿನ ತಡವಾದರೂ ಬೂಷ್ಟು ಹಿಡಿದು, ಇಡೀ ವರ್ಷದ ಬೆಳೆ ಗೊಬ್ಬರದ ಗುಂಡಿಗೆ.

ನಾವು ಹೋದಾಗ ಮೂರು ಗಂಟೆ. ಮಂಜು ಸ್ಟೋರಿನ ಹೊಸಿಲಿನ ತನಕ ಬಂದಿತ್ತು. ಇಪ್ಪತ್ತು ಮಂದಿ ಗಂಡಸರು ಹೆಂಗಸರು ಸೂರಿನ ಕೆಳಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ನಾನು, ಯಜಮಾನರು, ರೈಟರ್ ಒಳಗೆ ಹೋದೆವು. ಡ್ರಮ್ಮು ತಿರುಗುತ್ತಿತ್ತು. ಒಳಗೆ ಬೀಜ ಸುರ್ರನೆ ಜಾರುವ ಸದ್ದು ಬಿಟ್ಟರೆ ಏನಿಲ್ಲ. ನಿಂತೆವು. ಕಾಲು ಬದಲಿಸಿ ನಿಂತೆವು. ಯಜಮಾನರು “ಏನೂ ಇಲ್ವಲ್ಲ...” ಅನ್ನುತ್ತಿದ್ದ ಹಾಗೇ—

ಡಬ್!

ಒಂದೇ ಏಟು. ಬೆತ್ತದಲ್ಲಿ ಹೊಡೆದ ಹಾಗೇ. ತಿರುಗಿ ನೋಡಿದರೆ, ಏಳು ಕ್ವಿಂಟಾಲಿನ ಎಂಜಿನ್ನಿಗೂ ಹೆದರದ ನಮ್ಮ ಯಜಮಾನರು ನನ್ನ ಬೆನ್ನ ಹಿಂದೆ ಇದ್ದರು.

ನನಗೂ ಓಡುವ ಮನಸ್ಸೇ. ಆದರೆ ಹೆದರಿಕೆಯಾದಾಗ ಎಣಿಸುವುದು ನನ್ನ ಚಾಳಿ. ಡ್ರಮ್ಮಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿ, ಅದು ಮೇಲೆ ಬಂದಾಗಲೆಲ್ಲ ಒಂದು ಅಂತ ಎಣಿಸಿದೆ. ಹದಿನೇಳಕ್ಕೆ ಡಬ್. ಮತ್ತೆ ಎಣಿಸಿದೆ. ಮತ್ತೆ ಹದಿನೇಳಕ್ಕೇ ಡಬ್. ಸತ್ತವರು ಇಷ್ಟು ಕಟ್ಟುನಿಟ್ಟಾಗಿ ಇರಲಾರರು ಅನ್ನಿಸಿತು. ಡ್ರಮ್ಮಿನ ಸುತ್ತ ಇರುವ ದೊಡ್ಡ ಗೇರಿನ ಹಲ್ಲು ಎಣಿಸಿದೆ, ತೊಂಬತ್ತಾರು. ಅದನ್ನು ತಿರುಗಿಸುವ ಚಿಕ್ಕದಕ್ಕೆ ಹದಿನೇಳು.

ನಗು ಬಂತು. “ರೈಟರೇ, ಇದರೊಳಗೆ ಏನಾದ್ರೂ ಬಿದ್ದಿತ್ತಾ?”

“ಹೋದ ವಾರ ಒಂದು ಬೋಲ್ಟು ಬಿದ್ದು ಕಟಕ್ ಅಂದಿತ್ತು. ತೆಗೆದ್ವಲ್ಲ?”

ತೆಗೆದಿದ್ದರು. ಆದರೆ ಬೋಲ್ಟನ್ನು ಜಗಿದಾಗ ಚಿಕ್ಕದರ ಒಂದು ಹಲ್ಲು, ದೊಡ್ಡದರ ಒಂದು ಹಲ್ಲು ಜಜ್ಜಿ ಉಬ್ಬಿದ್ದವು. ಒಂದು ಉಬ್ಬು ಒಳ್ಳೆ ಹಲ್ಲಿಗೆ ಸಿಕ್ಕಿದರೆ ಸದ್ದಿಲ್ಲ, ಅಷ್ಟು ಸಡಿಲ ಇರುತ್ತದೆ. ಎರಡು ಉಬ್ಬೂ ಎದುರುಬದುರಾದರೆ ಏಟು. ಒಂದನ್ನು ಬಿಟ್ಟರೆ ಹದಿನೇಳಕ್ಕೂ ತೊಂಬತ್ತಾರಕ್ಕೂ ಸಾಮಾನ್ಯ ಭಾಜಕ ಇಲ್ಲ. ಚಿಕ್ಕದರ ಒಂದೊಂದು ಹಲ್ಲೂ ದೊಡ್ಡದರ ತೊಂಬತ್ತಾರನ್ನೂ ಕಚ್ಚಿ ಮುಗಿಸಿಯೇ ಹಳೆಯ ಜೊತೆಗೆ ವಾಪಸ್ ಬರಬೇಕು. ಅಷ್ಟರಲ್ಲಿ ಡ್ರಮ್ಮು ಸರಿಯಾಗಿ ಹದಿನೇಳು ಸುತ್ತು ಬಂದಿರುತ್ತದೆ.

ಆಳುಗಳಿಗೆ ಇದನ್ನು ತೋರಿಸಿಯೇ ಹೆದರಿಕೆ ಬಿಡಿಸಬೇಕು ಅಂತ ಎಲ್ಲರನ್ನೂ ಬಾಗಿಲಿಗೆ ಕರೆದೆ. ಗೀಟು ಮೇಲೆ ಬಂದ ಹಾಗೆಲ್ಲ ಗಟ್ಟಿಯಾಗಿ ಎಣಿಸಿದೆ. ಎಂಟೂವರೆ ನಿಮಿಷ. ಹತ್ತರ ಮೇಲೆ ಯಾರೂ ಉಸಿರಾಡುತ್ತಿರಲಿಲ್ಲ. ಹದಿನೈದು. ಹದಿನಾರು. ಕೈ ಎತ್ತಿ, “ಈಗ ಹೊಡೀತದೆ ನೋಡಿ” ಅಂದೆ.

ಡಬ್!

ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಇಪ್ಪತ್ತು ಮಂದಿಯೂ ನನಗೆ ಕೈ ಮುಗಿದರು.

ಡ್ರಮ್ಮು ನಿಲ್ಲಿಸಿ ಯಜಮಾನರು ಎರಡು ಹಲ್ಲಿನ ಉಬ್ಬನ್ನೂ ಅರದಲ್ಲಿ ಉಜ್ಜಿ ತೆಗೆದರು. ಮತ್ತೆ ಓಡಿಸಿದೆವು. ಹದಿನೇಳಕ್ಕೆ ಏನೂ ಇಲ್ಲ. ಮೂವತ್ತನಾಲ್ಕಕ್ಕೂ ಇಲ್ಲ. ಎಲ್ಲರಿಗಿಂತ ಹಿರಿಯ ಹೆಂಗಸು ಮೊದಲು ಒಳಗೆ ಬಂದಳು.

“ಹೋಯ್ತಾ ಅಮ್ಮಾ?”

“ಹೋಯ್ತು.”

“ಎಲ್ಲಿಗೆ?”

ಅವಳು ಒಂದು ಕ್ಷಣ ಡ್ರಮ್ಮಿನ ಮೇಲೆ ಅಂಗೈ ಇಟ್ಟು ನಿಂತು, ಆಮೇಲೆ ಒಲೆಗೆ ಸೌದೆ ಹಾಕಿದಳು. ಉಳಿದವರೂ ಬಂದರು. ಕಾಫಿ ಉಳಿಯಿತು.

ಸುದ್ದಿ ನಮಗಿಂತ ಮೊದಲೇ ಪೇಟೆ ಮುಟ್ಟಿತ್ತು. ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲಿಗೆ ಒಂದು ಆಟೋ ಬಂತು. ಕಂಕುಳಲ್ಲಿ ಕೋಳಿ ಹಿಡಿದುಕೊಂಡು ಒಬ್ಬ ಹೆಂಗಸು ಇಳಿದಳು.

“ನಮ್ಮನೇಲೂ ಒಂದೈತೆ ಅಮ್ಮಾ. ಅಟ್ಟದ ಮೇಲೆ ಓಡಾಡ್ತೈತೆ. ನೀವು ಲೆಕ್ಕ ಹಾಕಿ ಬಿಡಿಸ್ತೀರಂತೆ.”

ಲೇತಿನ ಹಿಂದಿನಿಂದ ಯಜಮಾನರು ಮುಖ ಗಂಭೀರ ಮಾಡಿಕೊಂಡು, “ಲೆಕ್ಕಕ್ಕೆ ಮೊದ್ಲು ಹಲ್ಲೆಷ್ಟು ಅಂತ ಗೊತ್ತಾಗ್ಬೇಕಮ್ಮಾ. ಎಣಿಸ್ಕೊಂಡು ಬಂದಿದ್ದೀಯಾ?” ಅಂದರು.

ಹೆಂಗಸು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

“ಎಣಿಸ್ಬೇಕು ಅಂತ ಗೊತ್ತಿರಲಿಲ್ಲ ಕಣಣ್ಣಾ. ಅದು ಬಾಯಿ ಬಿಟ್ಟಾಗ ನಾನು ಕಣ್ಣು ಮುಚ್ಕೊಂಡ್ಬುಟ್ಟೆ.”