ಚಿಕ್ಕಮ್ಮನ ಕಫಪುರಾಣ

ನಮ್ಮ ಚಿಕ್ಕಮ್ಮನ ಎದುರು ಕೆಮ್ಮುವ ಧೈರ್ಯ ಇಡೀ ಗೋವಿಂದರಾಜನಗರದಲ್ಲಿ ಯಾರಿಗೂ ಇಲ್ಲ! ಕೆಮ್ಮಿದಿರೋ, ಕೆಟ್ಟಿರಿ. "ಕಫ ಬಂತಾ? ಯಾವ ಬಣ್ಣ?" ಎಂದು ಕೇಳದೆ ಬಿಡುವವಳಲ್ಲ. ಬಿಳಿ ಎಂದರೆ ಬಚಾವ್, ಹಳದಿ-ಹಸಿರು ಎಂದರೆ ಮುಗಿಯಿತು! ಕೇಳುವುದಾದರೂ ಎಲ್ಲಿ? ಮದುವೆ ಮನೆಯ ಪಂಕ್ತಿಯಲ್ಲಿ, ಆಗಷ್ಟೇ ಹೋಳಿಗೆಗೆ ತುಪ್ಪ ಬಿದ್ದಿರುವಾಗ!

ಆಕೆ ಡಾಕ್ಟರು. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರ ಶ್ವಾಸನಾಳದಿಂದ ಹೀರಿ ತೆಗೆದ ಕಫವನ್ನು ಪುಟ್ಟ ಡಬ್ಬಿಗಳಲ್ಲಿ ಕೂಡಿಟ್ಟು ಪರೀಕ್ಷಿಸುವುದು ಅವಳ ಸಂಶೋಧನೆ. ಬೇರೆಯವರ ಚಿಕ್ಕಮ್ಮಂದಿರು ರೇಷ್ಮೆ ಸೀರೆ ಕೂಡಿಡುತ್ತಾರೆ. ನಮ್ಮವಳ ಆಸ್ತಿ ಇದು!

"ಅಷ್ಟು ಓದಿ ಕೊನೆಗೆ ಈ ಕೆಲಸಾನೇನೇ ಸಿಕ್ಕಿದ್ದು?" ಎಂದು ಅಜ್ಜಿ, ಅಂದರೆ ಅವಳ ಅಮ್ಮ, ಹಣೆ ಚಚ್ಚಿಕೊಳ್ಳುತ್ತಿದ್ದಳು. "ಬೀಗರು ಕೇಳಿದ್ರೆ ಹಾರ್ಟ್ ಡಾಕ್ಟರು ಅಂತೀನಿ. ನೀನು ಬಾಯಿ ಬಿಡಬೇಡ."

"ಅಮ್ಮಾ, ನಮ್ಮ ಉಸಿರಿನ ದಾರೀಲಿ ಪ್ರತಿಕಾಯಗಳು ಕಾವಲು ಕಾಯ್ತಿರ್ತವೆ. ಪೈಪ್ ಹಾಕಿದ್ರೆ ಬಾಗಿಲು ತೆಗೆದಿಟ್ಟ ಹಾಗೆ. ಆಗ ಕಾವಲಿನವರು ಕಮ್ಮಿ ಇದ್ರೆ ನ್ಯುಮೋನಿಯಾ ನುಗ್ಗುತ್ತಾ ಅಂತ ನೋಡ್ತಾ ಇದೀನಿ."

"ನೋಡ್ಕೋ ತಾಯಿ. ಪಾಯಸ ಕುಡಿಯೋವಾಗ ಮಾತ್ರ ಹೇಳ್ಬೇಡ!"

ಇಂಥ ಅಜ್ಜಿಗೇ ಹೊಟ್ಟೆಯ ಆಪರೇಷನ್ ಆಗಿ, ಉಸಿರಾಟ ಕೈಕೊಟ್ಟು, ಬಾಯಿಗೆ ಪೈಪ್ ಬಂತು. ಇದರ ಮೇಲೆ ನ್ಯುಮೋನಿಯಾ ಹತ್ತಿದರೆ ಉಳಿಯುವುದು ಕಷ್ಟ ಎಂದರು. ನಾವೆಲ್ಲ ಹೊರಗಿನ ಬೆಂಚಿಗೆ ಅಂಟಿಕೊಂಡೆವು. ಚಿಕ್ಕಮ್ಮ ಮಾತ್ರ ಮಂಚದ ತಲೆಭಾಗ ಎತ್ತರಿಸುವುದೇನು, ಅಜ್ಜಿಯ ಬಾಯಿಯನ್ನು ತಾನೇ ಶುಚಿ ಮಾಡುವುದೇನು! ನರ್ಸ್‌ಗಳೂ ಅವಳನ್ನು ಕಂಡರೆ ಕೆಮ್ಮು ನುಂಗಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ನಮ್ಮ ಸೋದರಮಾವ ಬಂದ. ಮಾರೇನಹಳ್ಳಿಯಲ್ಲಿ ಸ್ವಾಮಿಗಳ ಪಾದಪೂಜೆ ಮುಗಿಸಿ, ವಿಭೂತಿಯ ಜೊತೆಗೆ ಪುಟ್ಟ ಬಾಟಲಿಯಲ್ಲಿ ಪಾದೋದಕ ತಂದಿದ್ದ.

"ಒಂದೇ ಒಂದು ಹನಿ ಬಾಯಿಗೆ ಬಿಡ್ತೀನಿ ಕಣೇ."

ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ವಿಭೂತಿ ಹಣೆ ತುಂಬ ಹಚ್ಚು. ಬಾಯಿಗೆ ಮಾತ್ರ ಏನೂ ಬೇಡ ಅಣ್ಣ. ಅಮ್ಮಂಗೆ ಈಗ ನುಂಗೋಕಾಗಲ್ಲ, ಅದು ಸೀದಾ ಎದೆಗೆ ಇಳಿಯುತ್ತೆ."

"ದೇವರ ಪ್ರಸಾದಾನೇ ಬೇಡ ಅಂತೀಯಾ?"

"ಯಾರು ಬೇಡ ಅಂದ್ರು?" ಎಂದವಳೇ ಬಾಟಲಿ ಕಸಿದು, ಕಣ್ಣಿಗೊತ್ತಿಕೊಂಡು, ಗಟಗಟ ತಾನೇ ಕುಡಿದುಬಿಟ್ಟಳು! "ಮಗಳು ಕುಡಿದ್ರೆ ಅಮ್ಮನಿಗೆ ತಲುಪಲ್ವಾ?"

ಮಾವ ಖಾಲಿ ಬಾಟಲಿ ಜೇಬಿಗಿಳಿಸಿ, ಅಜ್ಜಿಯ ಹಣೆಗೆ ವಿಭೂತಿ ಹಚ್ಚಿದ. ಇಂಥವಳ ಹತ್ತಿರ ಯಾರು ತಾನೇ ವಾದ ಮಾಡುತ್ತಾರೆ?

ನ್ಯುಮೋನಿಯಾ ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಕಾವಲಿದ್ದದ್ದು ಪ್ರತಿಕಾಯಗಳೋ, ಚಿಕ್ಕಮ್ಮನೋ ಎಂದು ಕೇಳಿದರೆ, "ಅದನ್ನೇ ಇನ್ನೂ ಹುಡುಕ್ತಾ ಇದೀವಿ" ಎನ್ನುತ್ತಾಳೆ. ನಾನಂತೂ ಚಿಕ್ಕಮ್ಮನೇ ಎಂದು ಎದೆ ತಟ್ಟಿ ಹೇಳುತ್ತೇನೆ.

ಪೈಪ್ ತೆಗೆದ ದಿನ ಅಜ್ಜಿ ಗಂಟಲು ಕಿತ್ತುಬರುವ ಹಾಗೆ ಕೆಮ್ಮಿದಳು. ಚಿಕ್ಕಮ್ಮ ಬಿಳಿ ಬಟ್ಟೆ ಹಿಡಿದಳು. "ಜೋರಾಗಿ ಕೆಮ್ಮಮ್ಮಾ, ಇನ್ನೊಂದ್ಸಲ!" ಅಜ್ಜಿ ಉಗಿದು, ಒಡೆದ ದನಿಯಲ್ಲಿ ಮೊದಲ ಮಾತಾಡಿದಳು.

"ಯಾವ ಬಣ್ಣ ನೋಡೇ."

ನಾವೆಲ್ಲ ನಕ್ಕೆವು. ಚಿಕ್ಕಮ್ಮ ಮಾತ್ರ ಬಟ್ಟೆಯನ್ನೇ ದಿಟ್ಟಿಸುತ್ತ ನಿಂತಿದ್ದಳು. ಊರವರ ಕಫವನ್ನೆಲ್ಲ ನೋಡಿದವಳಿಗೆ ಹೆತ್ತಮ್ಮನದು ಕಾಣಿಸುತ್ತಿಲ್ಲ, ಕಣ್ಣ ತುಂಬ ನೀರು. "ನೀನೇ ನೋಡಿ ಹೇಳೋ" ಎಂದು ನನ್ನತ್ತ ಚಾಚಿದಳು.

"ಬಿಳೀ ಇದೆ ಅಜ್ಜಿ," ಎಂದೆ.

ಅಜ್ಜಿ ಮೆಲ್ಲನೆ ಪಕ್ಕದಲ್ಲಿದ್ದ ನರ್ಸ್ ಕಡೆಗೆ ತಲೆ ತಿರುಗಿಸಿದಳು.

"ನನ್ನ ಮಗಳು," ಎಂದಳು, "ಕಫದ ಡಾಕ್ಟರು ಕಣಮ್ಮ."