ಸರ್ಕಾರದ ದುಡ್ಡೂ ಸೌಟಿನ ಮೇಲಿನ ಶಾಸನವೂ

ಸರ್ಕಾರದ ದುಡ್ಡು ತಿಂದು ಅರಗಿಸಿಕೊಂಡವರನ್ನು ನೀವೂ ನೋಡಿರುತ್ತೀರಿ, ನಾನೂ ನೋಡಿದ್ದೇನೆ. ಆದರೆ ಸರ್ಕಾರ ತಾನಾಗಿ ಕೊಟ್ಟ ದುಡ್ಡು ಅರಗದೆ ಒದ್ದಾಡಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಶಿರಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಹೆಸರು ಮಾತ್ರ ಕೇಳಬೇಡಿ. ಇಲ್ಲಿ ಬರೆದರೆ, "ನನ್ನೊಬ್ನ ಹೆಸ್ರು ಹಾಕಿ ನಿಮ್ಮತ್ತೆ ಹೆಸ್ರು ಬುಟ್ಟಿದ್ಯಲ್ಲೇ, ಇದು ನ್ಯಾಯಾನಾ?" ಎಂದು ಕೊರಟಗೆರೆಯ ನಮ್ಮ ಮನೆಗೆ ಜಗಳಕ್ಕೇ ಬಂದುಬಿಡುತ್ತಾರೆ.

ಈ ನ್ಯಾಯ ಎನ್ನುವುದು ಅವರಿಗೆ ಹುಟ್ಟಿನಿಂದ ಅಂಟಿದ ಕಾಯಿಲೆ. ಬೇರೆ ದರ್ಜಿಗಳು ಉಳಿದ ಬಟ್ಟೆ ಕೊಡುವುದಿಲ್ಲ ಎಂದು ಜನ ಗೊಣಗುತ್ತಾರೆ. ನಮ್ಮ ಮಾವ ಅಂಗಿಯ ಜೊತೆಗೆ, ಕತ್ತರಿಯಿಂದ ಉದುರಿದ ಬೆರಳಗಲದ ಚೂರುಗಳನ್ನೂ ಪೊಟ್ಟಣ ಕಟ್ಟಿ ಕೊಡುತ್ತಾರೆ. ಕಳ್ಳಂಬೆಳ್ಳದ ಗಿರಾಕಿಯೊಬ್ಬ ಅದನ್ನು ಯಾವುದೋ ದೇವರ ಪ್ರಸಾದವೆಂದುಕೊಂಡು ಪೂಜೆ ಮಾಡಿ, ವಾರ ಕಳೆದ ಮೇಲೆ ಬಿಚ್ಚಿ ನೋಡಿ ಬೈದನಂತೆ. ಊಟಕ್ಕೆ ಕೂತರೆ ಇನ್ನೂ ಕಷ್ಟ. ಒಬ್ಬಟ್ಟು ಒಂದು ಉಳಿದು ತಿನ್ನುವವರು ಮೂವರಿದ್ದರೆ, ಅಂಗಡಿಯಿಂದ ಟೇಪು ಬರುತ್ತದೆ!

ಕೊರೋನಾ ಕಾಲ ಬಂತು. ಆಗ ನಾನು ದೇವರಲ್ಲಿ ಹೆಚ್ಚೇನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಒಗ್ಗರಣೆ ಹಾಕಿದಾಗ ಮನೆಯವರೆಲ್ಲರ ಮೂಗಿಗೂ ಇಂಗಿನ ವಾಸನೆ ತಿಳಿದರೆ ಸಾಕು, ಒಲೆಯ ಮುಂದೆಯೇ ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿಯುತ್ತಿದ್ದೆ. ಎಷ್ಟೋ ಮನೆಗಳಲ್ಲಿ ಅಷ್ಟೂ ಇರಲಿಲ್ಲ.

ಎಲ್ಲರ ಅಂಗಡಿಯೂ ಬಾಗಿಲು ಹಾಕಿದ್ದಾಗ ನಮ್ಮ ಮಾವನ ಮಷೀನು ಮಾತ್ರ ಓಡುತ್ತಿತ್ತು. ಮಾಸ್ಕು! ಬಾಗಿಲು ಮುಚ್ಚಿಕೊಂಡು ಅಂಗಡಿಯ ಹಿಂದಿನ ಮನೆಯಲ್ಲೇ ಹೊಲಿದರು. ಪಂಚಾಯ್ತಿಯವರಿಗೆ ಹೊಲಿದರು, ಬ್ಯಾಂಕಿನವರಿಗೆ ಹೊಲಿದರು, ಮೀಸೆ ಕಾಣುವಂತೆ ಬೇಕು ಎಂದ ಒಬ್ಬ ಹುಚ್ಚನಿಗೂ ಹೊಲಿದರು. ದೀಪಾವಳಿಯಲ್ಲೂ ಅಷ್ಟು ದುಡಿಮೆ ಇರಲಿಲ್ಲವಂತೆ. ಅಂಥ ಹೊತ್ತಿನಲ್ಲಿ ಸರ್ಕಾರ ಸ್ವಂತ ಕಸುಬಿನವರಿಗೆ ಪರಿಹಾರ ಕೊಡುತ್ತೇವೆಂದಿತು. ಕ್ಷೌರಿಕರು, ಅಗಸರು, ಆಟೋದವರು, ಕಮ್ಮಾರರು, ಕುಂಬಾರರು, ದರ್ಜಿಗಳು, ಹೀಗೆ ಒಂದು ಪಟ್ಟಿ. ಪಟ್ಟಿಯಲ್ಲಿ ಗೃಹಿಣಿಯರಿದ್ದಾರಾ ಎಂದು ನಾನೂ ನೋಡಿದೆ. ಇರಲಿಲ್ಲ. ನಮ್ಮ ಕೆಲಸ ಲಾಕ್‌ಡೌನಿನಲ್ಲಿ ಒಂದು ದಿನವಾದರೂ ನಿಂತಿದ್ದರಲ್ಲವೇ ಪರಿಹಾರ ಕೊಡುವುದು!

ಮಾವನಿಗೆ ಹೇಳದೆ ಅತ್ತೆ ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದ್ದರು. ಒಂದು ದಿನ ಮಾವನ ಮೊಬೈಲು ಟಿಣ್ ಎಂದಿತು. ಮಾಸ್ಕಿನ ರಾಶಿಯ ಮಧ್ಯೆ ಕೂತಿದ್ದ ಮಾವ ಓದಿ ನೋಡಿ ಬೆಂಕಿಯಾದರು.

"ಲೇ, ಇದೇನೇ ದುಡ್ಡು ಬಂದದೆ?"

"ಕಷ್ಟಕ್ಕೆ ಅಂತ ಸರ್ಕಾರ ಕೊಟ್ಟೈತೆ. ಲಕ್ಷ್ಮಿ ಬಂದ್ರೆ ಬಾಗ್ಲು ಹಾಕ್ತಾರಾ?"

"ನಂಗೇನೇ ಕಷ್ಟ? ಹೊಲ್ದೂ ಹೊಲ್ದೂ ಬೆನ್ನು ಬಿದ್ದೋಗೈತೆ!"

"ನಿಮ್ಮನ್ನ ಕಟ್ಕಂಡು ನಾನು ಪಟ್ಟಿರೋ ಕಷ್ಟಕ್ಕೆ ಕೊಟ್ಟವ್ರೆ ಅಂದ್ಕಳಿ!" ಎಂದರು ಅತ್ತೆ.

ಮಾವ ಸುಮ್ಮನಾಗಲಿಲ್ಲ. ಅವರ ಕಣ್ಣು ಅಂಗಡಿಯ ಮೆಟ್ಟಿಲ ಕಡೆಗೆ ಹೋಗಿತ್ತು. ಆ ಮೆಟ್ಟಿಲ ಮೇಲೆ ಭಾಯಿ ಕೂರುತ್ತಿದ್ದರು. ಭಾಯಿಯದು ಪಾತ್ರೆಗಳ ಮೇಲೆ ಹೆಸರು ಕೆತ್ತುವ ಕಸುಬು. ಪಕ್ಕದ್ದು ಪಾತ್ರೆ ಅಂಗಡಿ. ಮದುವೆಗೆ ಉಡುಗೊರೆ ಕೊಳ್ಳುವವರು ಕೊಡಪಾನ, ತಟ್ಟೆ, ಪರಾತ ಹಿಡಿದು ಹೊರಗೆ ಬಂದರೆ, ಭಾಯಿ ಪುಟ್ಟ ಮಷೀನನ್ನು ಗುರ್ರೆನ್ನಿಸಿ "ಇಂಥವರಿಗೆ ಇಂಥವರಿಂದ" ಎಂದು ಮುತ್ತಿನಂಥ ಅಕ್ಷರದಲ್ಲಿ ಕೆತ್ತಿಕೊಡುತ್ತಿದ್ದರು. ಅಕ್ಷರಕ್ಕೆ ಇಷ್ಟು ಎಂದು ದರ. ಕರೆಂಟು ಮಾವನ ಅಂಗಡಿಯದು. ಅದಕ್ಕೆ ಭಾಯಿ ದಿನವೂ ಮಾವನಿಗೆ ಚಹಾ ಕುಡಿಸುತ್ತಿದ್ದರು. ಕರೆಂಟು ಹೋದ ದಿನ ಮಾವ ಆ ಚಹಾ ಮುಟ್ಟುತ್ತಿರಲಿಲ್ಲ.

ಈಗ ಮದುವೆ ಎಂದರೆ ಬೆರಳೆಣಿಕೆಯ ಜನ. ಬರುವವರೇ ಇಲ್ಲದ ಮೇಲೆ ಉಡುಗೊರೆ ಎಲ್ಲಿಯದು? ಉಡುಗೊರೆಯಿಲ್ಲದ ಮೇಲೆ ಹೆಸರು ಯಾತರ ಮೇಲೆ ಕೆತ್ತುವುದು? ಭಾಯಿಯ ಕಸುಬು ಪೂರ್ತಿ ನಿಂತಿತ್ತು. ಸೈಬರ್ ಅಂಗಡಿಯವನು ಸರ್ಕಾರದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಜಾಲಾಡಿದರೂ ಹೆಸರು ಕೆತ್ತುವವರು ಎಂಬುದು ಸಿಗಲಿಲ್ಲ. "ಕಮ್ಮಾರ ಅಂತ ಹಾಕ್ಬುಡ್ಲಾ ಭಾಯಿ?" ಎಂದನಂತೆ ಅವನು. ಭಾಯಿ ಕೈ ಆಡಿಸಿದರಂತೆ: "ತೋಬಾ ತೋಬಾ! ನಾಳೆ ಆಫೀಸರು ಬಂದು ಒಂದು ಕುಡ್ಲು ಬಡ್ದು ತೋರ್ಸು ಅಂದ್ರೆ, ಅದ್ರ ಮೇಲೆ ಅವ್ರ ಹೆಸ್ರು ಬರ್ದು ಕೊಡ್ಲಾ?"

ಮಷೀನನ್ನು ಗುಜರಿಯವನಿಗೆ ಕೊಟ್ಟು, ಅಳಿಯನ ಕೋಳಿ ಅಂಗಡಿಯಲ್ಲಿ ಕೂರುವುದೆಂದು ಭಾಯಿ ತೀರ್ಮಾನಿಸಿದ್ದರು. ಅಳಿಯ ಒಳ್ಳೆಯವನೇ. ಆದರೂ ಮಗಳನ್ನು ಕೊಟ್ಟ ಮನೆಯಲ್ಲಿ ಕೈಕೆಳಗೆ ಕೂರುವುದೆಂದರೆ ಏನೆಂದು ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕೇ? ಗುಜರಿಯವನು ಲಾಕ್‌ಡೌನು ಸಡಿಲವಾದೊಡನೆ ಬರುವವನಿದ್ದ.

"ಇದು ಎಂಥ ಹೊಲಿಗೆನೇ?" ಎಂದು ಮಾವ ನನಗೆ ಫೋನು ಮಾಡಿ ಕೂಗಾಡಿದರು. "ಅಳ್ತೆನೇ ತಗಳ್ದೆ ಹೊಲ್ದವ್ರೆ! ನಂಗೆ ದೊಗಳೆ ಅಂಗಿ, ಭಾಯಿಗೆ ತೋಳೂ ಇಲ್ಲ. ಕಸುಬಿನ ಹೆಸ್ರು ನೋಡಿ ಕೊಡೋದಾ, ಒಲೆ ಉರೀತೈತಾ ಇಲ್ವಾ ನೋಡಿ ಕೊಡೋದಾ?"

"ಸರ್ಕಾರನೂ ಪಾಪ, ಎಷ್ಟು ಒಲೆ ಅಂತ ಬಗ್ಗಿ ನೋಡ್ತದೆ ಮಾವ? ಕೊಟ್ಟಿದ್ದೇ ಪುಣ್ಯ ಅಂತ ಇಟ್ಕೋ" ಎಂದೆ. ನಾನು ಹಾಗೆಯೇ, ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಳ್ಳುವವಳು. ಮಾವ ಫೋನಿಟ್ಟರು.

ಮರುದಿನವೇ ಕಚೇರಿಗೆ ಹೋದರಂತೆ, ದುಡ್ಡು ವಾಪಸ್ಸು ಕೊಡಲು! ಅಲ್ಲಿದ್ದ ಗುಮಾಸ್ತರು ಮೊದಲು ತಲೆಯೆತ್ತಲೇ ಇಲ್ಲ.

"ಬರ್ಲಿಲ್ಲ ಅಂತ ತಾನೆ? ಬರುತ್ತೆ, ಹೋಗಿ."

"ಬಂದೈತೆ ಸಾರ್. ಅದ್ಕೇ ಬಂದೆ."

ಗುಮಾಸ್ತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರಂತೆ. "ಏನ್ರೀ, ಜ್ವರ ಗಿರ ಐತಾ? ಟೆಸ್ಟ್ ಮಾಡ್ಸಿದ್ದೀರಾ?"

"ಇದು ನನ್ ಪಾಲಿಂದಲ್ಲ ಸಾರ್. ನಮ್ ಭಾಯಿಗೆ ಸೇರ್ಬೇಕಾಗಿದ್ದು."

"ನೋಡಿ ಯಜಮಾನ್ರೇ, ಕೊಡಾಕೆ ಸ್ಕೀಮ್ ಐತೆ. ತಗಳಾಕೆ ಸ್ಕೀಮ್ ಇಲ್ಲ. ಅಷ್ಟು ಕೈ ಕಡೀತಿದ್ರೆ ಯಾವ್ದಾದ್ರೂ ಹುಂಡಿಗೆ ಹಾಕಿ."

ಹುಂಡಿಯ ಮಾತು ನನಗೂ ಸರಿ ಎನಿಸಿತು. ಗೊರವನಹಳ್ಳಿ ನಮ್ಮ ಮನೆಗೆ ಹತ್ತಿರ, ಗುಡಿ ಬಾಗಿಲು ತೆಗೆದ ಕೂಡಲೇ ನಾನೇ ಹಾಕಿ ಬರುತ್ತೇನೆ ಎಂದೆ. ಮಾವ ಅದನ್ನೂ ತೂಗಿ ನೋಡಿದರು. "ಗುಡಿ ಬಾಗ್ಲೂ ಮುಚ್ಚೈತೆ, ಆಯಮ್ಮಂಗೂ ನಷ್ಟ ಆಗೈತೆ, ಅದು ದಿಟ. ಆದ್ರೆ ಆಯಮ್ಮ ಮಷೀನು ಮಾರ್ತಾ ಇಲ್ವಲ್ಲೇ!" ಈ ಮಾತಿಗೆ ನಾನು ತಲೆಯಾಡಿಸಿದೆ. ಲಕ್ಷ್ಮಿಯೂ ಆಡಿಸಿರಬೇಕು.

ಕೊನೆಗೆ ನೇರವಾಗಿ ಭಾಯಿಯ ಕೈಗೇ ಕೊಡಲು ಹೋದರು. ಭಾಯಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು.

"ಮಾಸ್ಟ್ರೇ, ನಮ್ಮಲ್ಲೂ ದಾನ ಐತೆ. ಪ್ರತಿ ರಂಜಾನಿಗೆ ನಾನೂ ಕೊಡೋನೇ. ತಗೊಳೋ ಸಾಲ್ನಾಗೆ ಇನ್ನೂ ನಿಂತಿಲ್ಲ."

"ದಾನ ಅಲ್ಲಯ್ಯಾ, ಪರಿಹಾರ!"

"ಅದು ಸರ್ಕಾರ ಕೊಟ್ರೆ ಪರಿಹಾರ. ಪಕ್ಕದ ಅಂಗ್ಡಿಯೋರು ಕೊಟ್ರೆ ದಾನ. ಚಹಾ ಕುಡೀರಿ, ಆರೋಗ್ತದೆ."

ಅಂದು ಮಾವ ಊಟ ಮಾಡಲಿಲ್ಲವಂತೆ. ಮುದ್ದೆ ಮುಂದಿಟ್ಟುಕೊಂಡು, ಮುದ್ದೆ ಬಿಟ್ಟು ತಟ್ಟೆಯನ್ನೇ ನೋಡುತ್ತ ಕೂತಿದ್ದರಂತೆ. ಇದ್ದಕ್ಕಿದ್ದಂತೆ ಎದ್ದು, "ಲೇ, ಈ ತಟ್ಟೆ ಮೇಲೆ ಹೆಸ್ರೇ ಇಲ್ವಲ್ಲೇ!" ಎಂದರಂತೆ.

ಅಲ್ಲಿಂದ ಶುರುವಾಯಿತು. ಮೊದಲು ತಟ್ಟೆಗಳು ಹೋದವು. ಆಮೇಲೆ ಲೋಟ, ಡಬರಿ, ಇಡ್ಲಿ ಕುಕ್ಕರು, ಅದರ ಮುಚ್ಚಳ, ಮುಚ್ಚಳದ ಮೇಲಿನ ಮುಚ್ಚಳ. ಅಕ್ಷರಕ್ಕೆ ದರ ತಾನೆ? ಹಾಗಾಗಿ ಮಾವ ಬರೀ ಹೆಸರು ಕೆತ್ತಿಸಲಿಲ್ಲ. ಒಂದು ಸೌಟಿನ ಮೇಲೆ "ಮಧುಗಿರಿ ತಾಲ್ಲೂಕು ಐ.ಡಿ.ಹಳ್ಳಿ ಹೋಬಳಿಯ" ಎಂದು ಶುರು ಮಾಡಿಸಿ, ಅತ್ತೆಯ ತಂದೆ, ತಾತ, ಮುತ್ತಾತನ ಹೆಸರೆಲ್ಲ ಬಂದು, ಸೌಟಿನ ಹಿಡಿ ಮುಗಿದು, ಬಟ್ಟಲಿನ ಹಿಂಭಾಗಕ್ಕೆ ತಿರುಗಿ, ಅಲ್ಲಿ "ಇವರ ಸೌಭಾಗ್ಯವತಿ ಪುತ್ರಿಯಾದ" ಎಂಬಲ್ಲಿಗೆ ಜಾಗ ಮುಗಿಯಿತು. ಅತ್ತೆಯ ಹೆಸರು ಜಾಲರಿ ಸೌಟಿನ ಮೇಲೆ ಮುಂದುವರಿಯಿತು! ಎರಡನ್ನೂ ಜೋಡಿಸಿ ಓದಬೇಕು.

"ಈ ಸೌಟಿನ ಮೇಲಿರೋವಷ್ಟು ಅಕ್ಷರ ನಮ್ ಪಹಣೀಲೂ ಇಲ್ಲ ಕಣಮ್ಮ" ಎಂದು ಅತ್ತೆ ಫೋನಿನಲ್ಲಿ ನನ್ನ ಹತ್ತಿರ ಗೋಳಾಡಿದರು.

ಭಾಯಿ ಏನು ಪೆದ್ದರೇ? ಎರಡನೆಯ ಮೂಟೆ ಬಂದಾಗ ಕೇಳಿದರಂತೆ.

"ಏನ್ ಮಾಸ್ಟ್ರೇ, ಮನೇಲಿ ಮದ್ವೆನಾ?"

"ಇಲ್ಲ."

"ಗೃಹಪ್ರವೇಶ?"

"ಅದೂ ಇಲ್ಲ. ಪಾತ್ರೆ ಕಳ್ರು ಜಾಸ್ತಿ ಆಗವ್ರೆ."

"ಜಾಲರಿ ಸೌಟು ಕದಿಯೋ ಕಳ್ರಾ?" ಎಂದು ಭಾಯಿ ಮಾವನ ಮುಖವನ್ನೇ ನೋಡಿ, ಮಷೀನು ಹಚ್ಚಿದರು. ದಾನ ತೆಗೆದುಕೊಳ್ಳದ ಕೈ ಕೆಲಸವನ್ನು ಹೇಗೆ ಬೇಡವೆಂದೀತು? ಆದರೆ ಅವರೂ ಕಡಿಮೆಯವರಲ್ಲ. ಲೆಕ್ಕ ಮಾಡುವಾಗ, "ಇಷ್ಟೊಂದು ಐಟಂ ಆದ್ರೆ ಹೋಲ್‌ಸೇಲ್ ರೇಟು. ಅಕ್ಷರಕ್ಕೆ ಅರ್ಧ ಕೊಡಿ ಸಾಕು" ಎಂದುಬಿಟ್ಟರು.

ಮಾವ ಹಾರಾಡಿದರು. "ಅರ್ಧ ಯಾಕಯ್ಯಾ? ಸೌಟು ವಕ್ರ ಐತೆ, ಕೆಲ್ಸ ಕಷ್ಟ. ಒಂದೂವರೆ ತಗೋ!"

"ಅರ್ಧದ ಮೇಲೆ ಒಂದು ಪೈಸೆನೂ ಮುಟ್ಟಲ್ಲ, ಕಸಂ ಸೆ!"

"ಒಂದೂವರೆಗೆ ಒಂದು ಪೈಸೆ ಕಮ್ಮಿ ಕೊಡಲ್ಲ!"

ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಜಗಳ ಬಿಡಿಸಲು ಬಂದು, ಯಾರು ಕೊಡಬೇಕಾದವರು, ಯಾರು ತೆಗೆದುಕೊಳ್ಳಬೇಕಾದವರು ಎಂಬುದೇ ತಿಳಿಯದೆ ತಲೆ ಕೆರೆದುಕೊಂಡು ಹೋದರಂತೆ. ಕಡೆಗೆ ಮಾಮೂಲಿ ದರಕ್ಕೇ ಇಬ್ಬರೂ ಒಪ್ಪಿದರು, ಇಬ್ಬರಿಗೂ ಸಿಟ್ಟೇ.

ತಮ್ಮ ಮನೆಯ ಪಾತ್ರೆ ಮುಗಿದ ಮೇಲೆ ಮಾವ ನೆಂಟರ ಮನೆಗಳ ಮೇಲೆ ಬಿದ್ದರು. ಪಾವಗಡದ ಬೀಗಿತ್ತಿಗೆ ಫೋನು ಮಾಡಿದರೆ ಆಕೆ ಅರ್ಧ ತೆಲುಗಿನಲ್ಲಿ, "ಅಯ್ಯೋ ಅನ್ನಯ್ಯಾ, ನಮ್ ಬಿಂದಿಗೆ ಮೇಲೆ ಆಗ್ಲೇ ಪೇರು ಉಂದಿ ಗದಾ! ಇನ್ನೇನು ಬರ್ಸೋದು?" ಎಂದರಂತೆ. ಮಾವ ಬಿಡಲಿಲ್ಲ. "ತಳ ಖಾಲಿ ಐತಲ್ಲಮ್ಮಾ?"

ನನ್ನ ಸರದಿಯೂ ಬಂತು. ಲಾಕ್‌ಡೌನು ಸಡಿಲವಾದ ದಿನ ಮಾವ ಮೊಪೆಡ್ಡಿನಲ್ಲಿ ಬಂದು, ನಾನು ಬೇಡ ಬೇಡವೆಂದರೂ ಕೈಗೆ ಸಿಕ್ಕ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಮೂರು ದಿನ ನಾವು ಮುತ್ತುಗದೆಲೆಯಲ್ಲಿ ಉಂಡೆವು. ಪಾತ್ರೆ ತೊಳೆಯುವ ಕೆಲಸ ತಪ್ಪಿತಲ್ಲ ಎಂದು ಅದಕ್ಕೂ ಲಕ್ಷ್ಮಿಗೆ ಕೈಮುಗಿದೆ.

ವಾಪಸ್ಸು ತರುವಾಗ ದಾರಿಯಲ್ಲಿ ಪೊಲೀಸರು ಹಿಡಿದರು.

"ಏನ್ರೀ ಮೂಟೇಲಿ? ಎಲ್ಲಿ ಹೊಡ್ಕಂಡು ಬಂದ್ರಿ?"

"ನಮ್ ಹುಡ್ಗಿ ಪಾತ್ರೆ ಸಾರ್. ಬೇಕಾದ್ರೆ ಹೆಸ್ರು ನೋಡಿ."

ಪೊಲೀಸಪ್ಪ ಒಂದು ಸೌಟು ತೆಗೆದು ಓದಲು ಶುರು ಮಾಡಿದರು. ಓದಿದರು, ತಿರುಗಿಸಿದರು, ಮತ್ತೆ ಓದಿದರು. ಹಿಂದೆ ನಿಂತ ಗಾಡಿಗಳು ಹಾರನ್ನು ಹೊಡೆಯತೊಡಗಿದವು. "ಇದೇನ್ರೀ, ಸೌಟೋ ಶಾಸನವೋ? ಹೋಗ್ರಿ ಹೋಗ್ರಿ!"

ನಮ್ಮ ಮನೆಯ ನಡುಮನೆಯಲ್ಲಿ ಕೂತು ಮಾವ ಈ ಕಥೆ ಹೇಳಿ, ಕೊನೆಗೆ, "ಗುಜರಿಯೋನು ಬಂದಿದ್ದ ಕಣೇ" ಎಂದರು. ನಾನು ಪಾತ್ರೆ ಎತ್ತಿಡುತ್ತಿದ್ದವಳು ನಿಂತೆ. "ಭಾಯಿ ನಿಮ್ಮನೆ ಪರಾತದ ಮೇಲೆ ಕೆತ್ತಾ ಇದ್ದ. ತಲೆ ಎತ್ತಲಿಲ್ಲ. 'ಮಷೀನು ಬಿಸಿ ಐತೆ, ಇನ್ನೊಂದ್ಸಲ ಬಾ ಹೋಗ್ಲಾ' ಅಂದ. ಅಷ್ಟರಾಗೆ ನಮ್ ಮೂಟೆ ನೋಡ್ಕಂಡು ಬೀದಿಯೋರೂ ಒಬ್ಬೊಬ್ರೇ ಕೊಡಪಾನ ತಂದು ಇಡ್ತಾವ್ರೆ. ಇನ್ನು ಮದ್ವೆಗಳೂ ಶುರು ಆಯ್ತವೆ. ಅವ್ನು ಅಳಿಯನ ಅಂಗ್ಡಿಗೆ ಹೋಗಾಕಿಲ್ಲ ಬುಡು."

"ಸರ್ಕಾರದ ದುಡ್ಡು?"

"ಮುಗೀತು. ಪೀಡೆ ಹೋಯ್ತು."

ನಾನು ನಗುತ್ತ ಚೀಲಕ್ಕೆ ಕೈ ಹಾಕಿದೆ. ತಳದಲ್ಲಿ ದೇವರ ಮುಂದೆ ನೀರಿಡುವ ನನ್ನ ಹಳೆಯ ಚೊಂಬಿತ್ತು. ಅದನ್ನೂ ಬಿಟ್ಟಿಲ್ಲವಲ್ಲ ಎಂದು ಬೈಯಲು ಬಾಯಿ ತೆರೆದವಳು ಅದರ ಕೊರಳಿನ ಸುತ್ತ ಕೆತ್ತಿದ್ದನ್ನು ಓದಿದೆ. ಊರಿಲ್ಲ, ಹೋಬಳಿಯಿಲ್ಲ, ತಾತನಿಲ್ಲ. ನನ್ನ ಅಮ್ಮನ ಹೆಸರು, ಅದರ ಮುಂದೆ "ಮಗಳಿಗೆ". ಅಷ್ಟೇ.

ಅಮ್ಮ ನಾನು ಲಂಗ ಹಾಕುವ ವಯಸ್ಸಿನಲ್ಲೇ ಹೋದಳು. ನನ್ನ ಮದುವೆಯ ಪಾತ್ರೆಗಳ ಮೇಲೆ ಅಪ್ಪನ ಹೆಸರಿದೆ, ಚಿಕ್ಕಪ್ಪಂದಿರದಿದೆ, ಅಪ್ಪನ ಪರಿಚಯದ ರಾಗಿ ಮಂಡಿಯವರದೂ ಇದೆ. ಅವಳದಿರಲಿಲ್ಲ. ನಾನು ಅದನ್ನು ಯಾರಿಗೂ ಹೇಳಿದವಳೇ ಅಲ್ಲ.

ಮಾವ ಗೋಡೆಯ ಕಡೆ ನೋಡುತ್ತಿದ್ದರು. "ಎಲ್ಲಾ ಹೆಣ್ಮಕ್ಕಳ ಮನೇಲೂ ಅವರವ್ರ ತಾಯಿ ಹೆಸ್ರಿನ ಪಾತ್ರೆ ಒಂದಾದ್ರೂ ಇರ್ತದೆ. ನಿಂಗೊಬ್ಳಿಗೆ ಇಲ್ಲ. ಅದ್ಯಾವ ನ್ಯಾಯ?"

"ಇದಕ್ಕೂ ಭಾಯಿ ಹತ್ರ ರೇಟಿಗೆ ಜಗಳ ಆಡಿದ್ಯಾ ಮಾವ?" ಎಂದೆ.

"ಎಲ್ಲಿ! ನಮ್ಮಕ್ಕನ ಹೆಸ್ರು ಅಂದೆ. ಅವ್ನು ಅಕ್ಷರ ಎಣಿಸ್ಲೇ ಇಲ್ಲ ಕಣೇ. ಚೊಂಬು ಒರೆಸಿ ಕೈಗೆ ಕೊಟ್ಟ. ನಾನೂ ಸುಮ್ನೆ ಇಸ್ಕಂಡೆ."

ಬಿಸಿಲಿನಲ್ಲಿ ಬಂದ ಮನುಷ್ಯ, ಇನ್ನೂ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಚೊಂಬು ತೊಳೆದು, ನೀರು ತುಂಬಿ, ದೇವರ ಮನೆಗೆ ಹೋಗದೆ ಮೊದಲು ಮಾವನ ಕೈಗೆ ಕೊಟ್ಟೆ. ತುಟಿಗೆ ತಾಗಿಸದೆ ಎತ್ತಿ ಕುಡಿದರು. ಉಳಿದ ನೀರನ್ನು ಲಕ್ಷ್ಮಿಯ ಮುಂದಿಟ್ಟೆ. ಅವಳೇನೂ ತಪ್ಪು ತಿಳಿದಿರಲಾರಳು.