ಮೇಷ್ಟ್ರ ಸ್ವೆಟರ್‌ಗೆ ಎಷ್ಟು ಉಂಡೆ?

ಸಿಸ್ಟರ್: ಚುಚ್ಚುತ್ತಾ?

ಮೇಷ್ಟ್ರು: ಇಲ್ಲ.

ಸಿಸ್ಟರ್: ಸರಿಯಾಗಿ ಹೇಳಿ. ಚುಚ್ಚುತ್ತಾ, ಇಲ್ವಾ?

ಮೇಷ್ಟ್ರು: ಅಂಗಡಿ ಮಧ್ಯೆ ನಿಲ್ಲಿಸಿ ಗಂಡನ ಕುತ್ತಿಗೆಗೆ ಹೀಗೆ ಉಜ್ತಾ ಇದ್ರೆ ಚುಚ್ಚೋದು ಉಲನ್ ಅಲ್ಲ ಕಣೆ, ನೋಡೋರ ಕಣ್ಣು.

ಉಲನ್ ಅಂಗಡಿಯ ಉದ್ದನೆಯ ಮೇಜಿನ ಮುಂದೆ ಮೇಷ್ಟ್ರು ಕಾಲರ್ ಬಿಚ್ಚಿ, ಗದ್ದ ಮೇಲೆತ್ತಿ, ಕ್ಷೌರಕ್ಕೆ ಬಂದವರಂತೆ ನಿಂತಿದ್ದರು. ಮೇಷ್ಟ್ರು ಎಂದರೆ ಅಕ್ಷರ ಕಲಿಸುವ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲ ಬುಡದಲ್ಲಿರುವ ಎರಡನೇ ಬ್ರೇಕು ಒತ್ತಿ ಒತ್ತಿ ಊರಿನ ಎಷ್ಟೋ ನಾಯಿ, ನರಮನುಷ್ಯ, ದೀಪದ ಕಂಬಗಳ ಆಯುಸ್ಸು ಉಳಿಸಿದವರು. ಈ ಅಭ್ಯಾಸ ಹಾಸಿಗೆಯಲ್ಲೂ ಬಿಟ್ಟಿಲ್ಲ. ಎದೆ ಧಸಕ್ಕೆನ್ನುವ ಮಾತು ಕಿವಿಗೆ ಬಿದ್ದರೆ ಕಾಲು ತಾನಾಗಿ ನೆಲ ಒತ್ತುತ್ತದೆ.

ಅವರ ಹೆಂಡತಿ ಹೆರಿಗೆ ವಾರ್ಡಿನ ಹಿರಿಯ ನರ್ಸ್, ಊರಿಗೆಲ್ಲ ಸಿಸ್ಟರ್. ವಾರ್ಡಿನಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಆಕೆ ಹೆಣೆದ ಒಂದು ಟೋಪಿ ಸಿಗುತ್ತದೆ. ಮೇಷ್ಟ್ರಿಗೆ ಮದುವೆಯಾಗಿ ಇಪ್ಪತ್ತು ವರ್ಷವಾದರೂ ಒಂದು ಸ್ವೆಟರ್ ಸಿಕ್ಕಿಲ್ಲ. ಆ ಕೊರಗು ಅವರಿಗೆ ಹಲ್ಲುನೋವಿನಂತೆ ಚಳಿ ಬಂದಾಗಲೆಲ್ಲ ಏಳುತ್ತಿತ್ತು. ಇವತ್ತು ಹೆಂಡತಿಯೇ ಬಾಯಿಬಿಟ್ಟು, "ಉಲನ್ ಅಂಗಡಿಗೆ ಬನ್ನಿ, ನಿಮ್ಮ ಕುತ್ತಿಗೆ ಬೇಕು" ಎಂದಾಗ ಅಂತೂ ತಮ್ಮ ಸರದಿ ಬಂತೆಂದು ಹಿಗ್ಗಿ ಹೀರೇಕಾಯಿಯಾಗಿ ಬಂದಿದ್ದರು.

ಸಿಸ್ಟರ್: ಇದು ನೋಡಿ. ಇದು?

ಮೇಷ್ಟ್ರು: ಆಹಾ, ಬೆಣ್ಣೆ! ಇದೇ ಇರಲಿ. ಆದ್ರೆ ಬಣ್ಣ ಯಾಕೆ ತಿಳಿಹಳದಿ? ಇದನ್ನ ಹಾಕ್ಕೊಂಡು ನಾನು ಕಾರಲ್ಲಿ ಕೂತ್ರೆ ಹಿಂದಿನ ಗಾಡಿಯವರು ಇಂಡಿಕೇಟರ್ ಹಾಕಿದ್ದಾರೆ ಅಂದ್ಕೋತಾರೆ.

ಸಿಸ್ಟರ್: ನೀವ್ಯಾಕೆ ಹಾಕ್ಕೋತೀರಿ?

ಮೇಷ್ಟ್ರು: ಮತ್ಯಾರು ಹಾಕ್ಕೋಬೇಕು?

ಸಿಸ್ಟರ್: ಕೂಸುಗಳ ಟೋಪಿಗೆ ಕಣ್ರೀ ಇದು.

ಮೇಷ್ಟ್ರು: ಕೂಸುಗಳ ಟೋಪಿಗೆ ನನ್ನ ಕುತ್ತಿಗೆ ಯಾಕೆ?

ಸಿಸ್ಟರ್: ನಿಮ್ಮ ಕುತ್ತಿಗೆ ಚರ್ಮ, ಈಗತಾನೆ ಹುಟ್ಟಿದ ಕೂಸಿನ ಚರ್ಮ, ಎರಡೂ ಒಂದೇ. ಏನು ಸೋಕಿದ್ರೂ ಕೆಂಪಗಾಗುತ್ತೆ. ಆದ್ರೆ ಕೂಸಿಗೆ ಮಾತು ಬರಲ್ಲ, ನಿಮಗೆ ಮಾತು ನಿಲ್ಲಲ್ಲ. ಅದಕ್ಕೇ ನಿಮ್ಮನ್ನ ಕರ್ಕೊಂಡು ಬಂದೆ.

ಮೇಷ್ಟ್ರ ಕಾಲು ನೆಲ ಒತ್ತಿತು. ಮೇಲೆತ್ತಿದ್ದ ಗದ್ದ ಕೆಳಗಿಳಿಯಿತು. ಕಾಲರಿನ ಗುಂಡಿಯನ್ನು ಸಿಟ್ಟಿನಲ್ಲಿ ತಪ್ಪು ತೂತಿಗೆ ತುರುಕಿದರು.

ಮೇಷ್ಟ್ರು: ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ನೆ ಅಂದಿಲ್ಲ ಹಿರಿಯರು. ಯಾರ ಮನೆ ಕೂಸೋ ಏನೋ, ಹುಟ್ಟಿ ಕಣ್ಣು ಬಿಟ್ಟಿರಲ್ಲ, ಅದಕ್ಕೆ ಟೋಪಿ! ನಿನ್ನ ಕೈಹಿಡಿದೋನು ನಾನು, ನನಗೆ ಒಂದು ಕೈಗವಸು ಕೂಡ ಇಲ್ಲ!

ಸಿಸ್ಟರ್: ನೀವೂ ನನ್ನ ವಾರ್ಡಲ್ಲೇ ಹುಟ್ಟಿದ್ರೆ ನಿಮಗೂ ಒಂದು ಟೋಪಿ ಹಾಕ್ತಿದ್ದೆ.

ಮೇಷ್ಟ್ರು: ಹಾಕಿದೀಯಲ್ಲ. ಮದುವೆ ದಿನವೇ.

ಮೇಜಿನ ಆಚೆ ಅಂಗಡಿಯಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಯಾವುದೋ ಕಾಲುಚೀಲ ಹೆಣೆಯುತ್ತಿದ್ದರು. ಹಿಂದೊಮ್ಮೆ ಮೇಷ್ಟ್ರ ಹತ್ತಿರವೇ ಕಾರು ಕಲಿಯಲು ಹೋಗಿ, ಮೂರನೇ ದಿನ ಅಂಚೆಪೆಟ್ಟಿಗೆಗೆ ಗುದ್ದಿ ಕಲಿಯುವುದನ್ನೇ ಬಿಟ್ಟವರು. ಅವತ್ತು ಮೇಷ್ಟ್ರು ಆಡಿದ ಮಾತನ್ನು ಅವರು ಇನ್ನೂ ಮರೆತಿರಲಿಲ್ಲ. ಹೀಗಾಗಿ ಗಂಡಹೆಂಡಿರ ಜಗಳ ಅವರಿಗೆ ಹಿತವಾಗಿಯೇ ಇತ್ತು.

ಅಂಗಡಿಯಮ್ಮ: ಒಂದು ಹೆಣೆದುಕೊಡಿ ಸಿಸ್ಟರ್, ಪಾಪ. ಅಳೋ ಹಾಗಿದ್ದಾರೆ.

ಮೇಷ್ಟ್ರು: ನಾನ್ಯಾಕೆ ಅಳಲಿ? ನ್ಯಾಯ ಕೇಳ್ತಿದೀನಿ. ನೀವೇ ಹೇಳಿ ಅಮ್ಮ. ಬೆಳಗಿನ ಜಾವ ಮೊದಲನೇ ಕ್ಲಾಸು. ಕಲಿಯೋರಿಗೆ ಭಯಕ್ಕೆ ಬೆವರು, ಕಾರಿನ ಗಾಜು ಇಳಿಸ್ತಾರೆ. ನನಗೆ ಚಳಿಗೆ ನಡುಕ. ಮೇಷ್ಟ್ರೇ ನಡುಗ್ತಿದ್ದಾರೆ ಅಂತ ಅವರಿಗೆ ಇನ್ನೂ ಭಯ. ಇನ್ನೊಂದು ಗಾಜೂ ಇಳಿಸ್ತಾರೆ!

ಸಿಸ್ಟರ್: ಮನೇಲಿ ಅಂಗಡಿ ಸ್ವೆಟರ್ ಇದೆಯಲ್ಲ.

ಮೇಷ್ಟ್ರು: ಅದು ಬರೀ ಬಟ್ಟೆ. ನಮ್ಮಾಫೀಸಿನ ಗುಮಾಸ್ತನ ಸ್ವೆಟರ್ ನೋಡಿದೀಯಾ? ಹೆಂಡತಿ ಹೆಣೆದಿದ್ದು. ಒಂದು ತೋಳು ಮೊಣಕೈಗೆ, ಇನ್ನೊಂದು ಬೆರಳಿಗೆ. ಆದ್ರೂ ಆ ಉದ್ದ ತೋಳು ಮಡಚುವಾಗ ಅವನ ಜಂಬ ನೋಡಬೇಕು! ನನಗೂ ಆಸೆ ಆಗುತ್ತೆ ಕಣೆ. ಯಾರಾದ್ರೂ "ಎಲ್ಲಿ ತಗೊಂಡ್ರಿ ಮೇಷ್ಟ್ರೇ" ಅಂತ ಕೇಳಿದ್ರೆ "ಎಲ್ಲೂ ಸಿಗಲ್ಲ ಬಿಡಿ" ಅನ್ಬೇಕು ಅಂತ ಆಸೆ. ಇವತ್ತು ನನಗೆ ಉಲನ್ ತಗೊಳ್ಳದೆ ಈ ಅಂಗಡಿ ಬಾಗಿಲು ದಾಟಲ್ಲ ನಾನು.

ಸಿಸ್ಟರ್: ನೋಡೋಣ.

ಮೇಷ್ಟ್ರು: ಆ 'ನೋಡೋಣ' ಕೇಳಿ ಕೇಳಿ ನನ್ನ ತಲೆ ಬೋಳಾಯ್ತು. ಅಮ್ಮಾ, ಶುದ್ಧ ಉಣ್ಣೆ ತೆಗೀರಿ. ಕಪ್ಪು.

ಸಿಸ್ಟರ್: ಕಪ್ಪು ಬೇಡ. ಕಪ್ಪಲ್ಲಿ ಹೆಣಿಗೆ ಕಣ್ಣಿಗೇ ಕಾಣಲ್ಲ. ಶುದ್ಧ ಉಣ್ಣೆ ಮೊದಲೇ ಬೇಡ. ತಣ್ಣೀರಲ್ಲಿ ಕೈಯಲ್ಲೇ ಒಗೀಬೇಕು. ನೀವು ಬಿಸಿನೀರು ತುಂಬಿ ಮೆಷಿನ್ನಿಗೆ ತುರುಕ್ತೀರಿ, ಅದು ಗುಬ್ಬಿಮರಿ ಹಾಗೆ ಮುದುಡುತ್ತೆ. ಆಮೇಲೆ ಅದೂ ನನ್ನ ವಾರ್ಡಿಗೇ ಬರಬೇಕು.

ಮೇಷ್ಟ್ರು: ಹಾಗಾದ್ರೆ ಹತ್ತಿದು.

ಅಂಗಡಿಯಮ್ಮ: ಹತ್ತಿ ನೂಲು ಭಾರ ಮೇಷ್ಟ್ರೇ, ಜೋತು ಬೀಳುತ್ತೆ. ಬೆಳಿಗ್ಗೆ ಸ್ವೆಟರ್ ಹಾಕ್ಕೊಂಡು ಹೋದೋರು ಸಂಜೆ ಲಂಗ ಉಟ್ಕೊಂಡು ಬರ್ತೀರಿ.

ಮೇಷ್ಟ್ರು: ಅಕ್ರಿಲಿಕ್?

ಸಿಸ್ಟರ್: ಅದನ್ನ ತಲೆ ಮೇಲಿಂದ ಎಳೆದು ತೆಗೆಯುವಾಗ ಚಟಪಟ ಅಂತ ಕಿಡಿ ಹಾರಿದ ಹಾಗಾಗುತ್ತೆ. ನೀವು ಕೂಗ್ಕೊಂಡ್ರೆ ಪಕ್ಕದ ಮನೆಯೋರು ಓಡಿ ಬರ್ತಾರೆ.

ಮೇಷ್ಟ್ರು: ದಪ್ಪ ನೂಲಾದ್ರೆ ಬೇಗ ಮುಗಿಯುತ್ತಲ್ಲ?

ಸಿಸ್ಟರ್: ಮುಗಿಯುತ್ತೆ. ಅದನ್ನ ಹಾಕ್ಕೊಂಡ್ರೆ ನೀವು ಸುತ್ತಿಟ್ಟ ಹಾಸಿಗೆ ಹಾಗೆ ಕಾಣ್ತೀರಿ.

ಮೇಷ್ಟ್ರು: ತೆಳು ನೂಲಾದ್ರೆ?

ಸಿಸ್ಟರ್: ಮುಗಿಯೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ.

ಮೇಷ್ಟ್ರು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಮನಸ್ಸಿಲ್ಲ ಅಂತ ನೇರ ಹೇಳು, ಪಾಪದ ನೂಲಿನ ಮೇಲೆ ಯಾಕೆ ಹಾಕ್ತೀಯ?

ಅಂಗಡಿಯಮ್ಮ ಕಾಲುಚೀಲವನ್ನು ಪಕ್ಕಕ್ಕಿಟ್ಟು, ಕಪಾಟಿನ ಮೇಲಿನ ಸಾಲಿನಿಂದ ಹಸಿರು ಬಣ್ಣದ ಒಂದು ಕಟ್ಟು ಇಳಿಸಿದರು. ಅರ್ಧ ಉಣ್ಣೆ, ಅರ್ಧ ಹತ್ತಿ. ಚುಚ್ಚುವುದಿಲ್ಲ, ಜೋಲುವುದೂ ಇಲ್ಲ. ಮೇಷ್ಟ್ರು ಯಾರ ಅಪ್ಪಣೆಗೂ ಕಾಯದೆ ತಾವೇ ಒಂದು ಉಂಡೆ ಎತ್ತಿ ಕುತ್ತಿಗೆಗೆ ಒತ್ತಿಕೊಂಡರು. ಅವರ ಮುಖ ಅರಳಿತು.

ಅಂಗಡಿಯಮ್ಮ: ಎಷ್ಟು ಉಂಡೆ ಅಂತ ಈಗಲೇ ಲೆಕ್ಕ ಹಾಕಿ ಒಟ್ಟಿಗೇ ತಗೊಳ್ಳಿ. ಇವೆಲ್ಲ ಒಂದೇ ಸಲ ಬಣ್ಣಕ್ಕೆ ಅದ್ದಿದ್ದು. ಆಮೇಲೆ ಬಂದ್ರೆ ಇದೇ ಹಸಿರು ಸಿಗಲ್ಲ. ಕಳೆದ ಸಲದ ಅಳತೆಯೇನಾ ಸಿಸ್ಟರ್?

ಸಿಸ್ಟರ್: ಅಮ್ಮಾ...

ಮೇಷ್ಟ್ರು: ಕಳೆದ ಸಲ ಅಂದ್ರೆ?

ಅಂಗಡಿಯಮ್ಮ: ಕಡುನೀಲಿ ತಗೊಂಡ್ರಲ್ಲ, ಗಂಡಸರ ಸ್ವೆಟರ್‌ಗೆ ಅಂತ. ಅದರ ಹಿಂದಿನ ವರ್ಷ ಬೂದು. ಅದಕ್ಕೂ ಮುಂಚೆ ಕಂದು.

ಮೇಷ್ಟ್ರ ಕಾಲು ನೆಲ ಒತ್ತಿದ ರಭಸಕ್ಕೆ ಮೇಜು ಅದುರಿ ಉಂಡೆಯೊಂದು ಉರುಳಿ ಬಿತ್ತು. ಸಿಸ್ಟರ್ ಅದನ್ನು ಹೆಕ್ಕಲು ಬಗ್ಗಿದವರು ಬೇಗ ಮೇಲೇಳಲಿಲ್ಲ. ಮೇಷ್ಟ್ರು ಯೋಚಿಸಿದರು: ಮನೆಯಲ್ಲಿ ಗಂಡಸು ಎಂದರೆ ತಾವೊಬ್ಬರೇ. ತಮ್ಮ ಮೈಮೇಲೆ ಕಡುನೀಲಿಯೂ ಏರಿಲ್ಲ, ಕಂದೂ ಏರಿಲ್ಲ. ಈ ಲೆಕ್ಕ ಮೇಷ್ಟ್ರಿಗೆ ಹೇಗೆ ಕೂಡಿದರೂ ಕೆಟ್ಟದಾಗಿಯೇ ಬಂತು.

ಮೇಷ್ಟ್ರು: ಯಾವ ಗಂಡಸು?

ಸಿಸ್ಟರ್: ಮನೆಗೆ ಹೋಗಿ ಮಾತಾಡೋಣ.

ಮೇಷ್ಟ್ರು: ಮನೆಗೆ ಹೋಗಿ ಮಾತಾಡೋ ಅಂಥ ಗಂಡಸಾ? ಇಲ್ಲೇ ಹೇಳು. ಆ ಮಕ್ಕಳ ಡಾಕ್ಟರಾ? ಸೆಂಟು ಹೊಡ್ಕೊಂಡು ಬರ್ತಾನಲ್ಲ, ಕಡ್ಡಿ ಪೈಲ್ವಾನ್?

ಅಂಗಡಿಯಮ್ಮ: ಛೆ ಛೆ, ಕಡ್ಡಿಯಂಥವರಿಗಲ್ಲ. ಒಳ್ಳೆ ಭಾರಿ ಆಳು ಇರಬೇಕು. ಅಳತೆ ನೋಡಿ ನಾನೇ ಕೇಳಿದ್ದೆ, ಒಬ್ಬರಿಗಾ ಇಬ್ಬರಿಗಾ ಅಂತ.

ಮೇಷ್ಟ್ರು: ಇಬ್ಬರಾ!

ಸಿಸ್ಟರ್: ಅಮ್ಮಾ, ದಯವಿಟ್ಟು ನೀವು ಸಹಾಯ ಮಾಡಬೇಡಿ.

ಅಂಗಡಿಯಮ್ಮ: ನಾನೇನು ಕೆಟ್ಟದ್ದು ಹೇಳಿದೆ? ವರ್ಷ ವರ್ಷ ಒಂದೆರಡು ಉಂಡೆ ಹೆಚ್ಚಿಗೆ ತಗೋತಾರೆ. ಯಾರೋ ಪುಣ್ಯವಂತರು, ಸುಖವಾಗಿದ್ದಾರೆ ಅಂದ್ಕೊಂಡೆ.

ಉರಿಯುವ ಬೆಂಕಿಗೆ ಇದಕ್ಕಿಂತ ಒಳ್ಳೆಯ ತುಪ್ಪ ಬೇಕೆ? ಮೇಷ್ಟ್ರ ಬೋಳುತಲೆಯೂ ಕೆಂಪೇರಿತು.

ಮೇಷ್ಟ್ರು: ಓಹೋ! ನಾನಿಲ್ಲಿ ಚಳಿಗೆ ನಡುಗ್ತಾ ಇದ್ರೆ ಅವನಿಗೆ ವರ್ಷಕ್ಕೊಂದು ಸ್ವೆಟರ್! ಅದೂ ಬೆಳೀತಾ ಇದ್ದಾನೆ! ಯಾರ ಮನೆ ಊಟ ಮಾಡಿ ಹಾಗೆ ಊದಿದ್ದಾನೆ ಆ ಮಹಾನುಭಾವ?

ಸಿಸ್ಟರ್: ನನ್ನ ಮನೆ ಊಟ ಮಾಡಿ.

ಮೇಷ್ಟ್ರು: ನಾನಿಲ್ಲದಾಗ?

ಸಿಸ್ಟರ್: ನೀವಿದ್ದಾಗಲೇ. ದಿನಾ ಎರಡು ಹೊತ್ತು. ಮೊದಲ ಸಲ ನಾನು ಬಡಿಸ್ತೀನಿ, ಎರಡನೇ ಸಲ ನಾನು ಬಡಿಸ್ತೀನಿ, ಮೂರನೇ ಸಲ ತಾವೇ ಪಾತ್ರೆ ಎಳ್ಕೋತಾರೆ.

ಮೇಷ್ಟ್ರು: ನನ್ನ ಕಣ್ಣೆದುರಿಗೇನಾ? ಎಲ್ಲಿ ಕೂರ್ತಾನೆ ಅವನು?

ಸಿಸ್ಟರ್: ನಿಮ್ಮ ಕುರ್ಚೀಲಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರ ಕೈ ಹೆಗಲಿಗೆ ಹೋಗಲಿಲ್ಲ, ನೇರ ಹೊಟ್ಟೆಗೆ ಹೋಯಿತು. ಅಂಗಡಿಯಮ್ಮ ಮೇಷ್ಟ್ರನ್ನು ಮೇಲಿನಿಂದ ಕೆಳಗೆ, ಆಮೇಲೆ ಎಡದಿಂದ ಬಲಕ್ಕೆ ನೋಡಿ, "ಅಯ್ಯೋ, ಇವರಿಗೇನಾ!" ಎಂದು ಬಾಯಿಗೆ ಕೈ ಅಡ್ಡ ಹಿಡಿದರು.

ಮೇಷ್ಟ್ರು: ನನಗಾ? ನನಗೆ ಹೆಣೆದಿದ್ದಾ? ಮತ್ತೆ ಎಲ್ಲಿ ಹೋಯ್ತು?

ಸಿಸ್ಟರ್: ಮುಗಿಸಿ ಒಂದೇ ಸಲ ಕೈಗಿಡೋಣ ಅಂತ ವಾರ್ಡಲ್ಲಿ ಬಿಡುವಾದಾಗ ಹೆಣೀತೀನಿ. ಬೇಸಿಗೇಲಿ ನಿಮ್ಮ ಅಂಗಿ ಅಳತೆ ಹಿಡಿದು ಶುರು ಮಾಡ್ತೀನಿ. ಬೆನ್ನು ಆಗುತ್ತೆ, ಎದೆ ಆಗುತ್ತೆ. ಚಳಿಗಾಲಕ್ಕೆ ತಂದು ನೀವು ಮಲಗಿದಾಗ ಮೇಲಿಟ್ಟು ನೋಡಿದ್ರೆ, ಆ ಕಡೆ ಈ ಕಡೆ ಒಂದಕ್ಕೊಂದು ಸೇರೋದೇ ಇಲ್ಲ. ನನ್ನ ಕೈಗಿಂತ ನಿಮ್ಮ ಹೊಟ್ಟೆ ಬೇಗ. ಬಿಚ್ಚಬೇಕು, ಇನ್ನೇನು ಮಾಡೋದು?

ಮೇಷ್ಟ್ರು: ಬಿಚ್ಚಿ?

ಸಿಸ್ಟರ್: ಟೋಪಿ ಮಾಡ್ತೀನಿ. ನಿಮ್ಮ ಕುತ್ತಿಗೆಗೆ ಅಂತ ಹುಡುಕಿ ತಂದ ಮೆತ್ತನೆ ನೂಲು, ಕೂಸುಗಳಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ನಿಮ್ಮ ಒಂದು ಸ್ವೆಟರ್ ಬಿಚ್ಚಿದ್ರೆ ಒಂದು ವಾರ್ಡು ಪೂರ್ತಿ ಬೆಚ್ಚಗಿರುತ್ತೆ.

ಇಷ್ಟು ವರ್ಷ ಬೀದಿಯಲ್ಲಿ ಕಡುನೀಲಿ ಟೋಪಿ, ಬೂದು ಟೋಪಿ ಹಾಕಿಕೊಂಡ ಕೂಸುಗಳನ್ನು ಕಂಡಾಗಲೆಲ್ಲ ಮೇಷ್ಟ್ರು ಮನಸ್ಸಿನಲ್ಲೇ ಹಲ್ಲು ಕಡಿದಿದ್ದರು. ಅವು ತಮ್ಮ ತೋಳು, ತಮ್ಮ ಎದೆ, ತಮ್ಮ ಬೆನ್ನು! ನಗು ಬಂತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ಉಕ್ಕಿ ಬಂದ ಅಕ್ಕರೆಯನ್ನು ಎಲ್ಲಿಡಬೇಕೋ ಗೊತ್ತಾಗದೆ ಆ ಹಸಿರು ಉಂಡೆಯನ್ನೇ ಹಿಸುಕಿದರು.

ಮೇಷ್ಟ್ರು: ಮೊದಲೇ ಹೇಳಬಾರದಾ? ಊಟ ಕಮ್ಮಿ ಮಾಡ್ತಿದ್ದೆ.

ಸಿಸ್ಟರ್: ಹೇಳಿದ್ರೆ ಕಮ್ಮಿ ಮಾಡ್ತೀರಿ ಅಂತಲೇ ಹೇಳಲಿಲ್ಲ. ಹಸಿದಾಗ ನೀವು ಮನುಷ್ಯರಲ್ಲ. ನನಗೆ ನೀವು ಹೊಟ್ಟೆ ತುಂಬಿ ತೇಗೋದು ಕೇಳಿದ್ರೇನೇ ನೆಮ್ಮದಿ. ಈ ವರ್ಷ ಸುಮ್ನೆ ಯಾಕೆ ಹೆಣೆದು ಬಿಚ್ಚೋದು, ನೇರ ಟೋಪಿಗೇ ಉಲನ್ ತಗೊಂಡುಬಿಡೋಣ ಅಂತ ಬಂದೆ. ಸೋತೆ ಅಂತಲೇ ಇಟ್ಕೊಳ್ಳಿ.

ಮೇಷ್ಟ್ರು: ಸೋಲೋದಾ? ನಡಿ, ತಗೋ ಟೇಪು. ಅಮ್ಮಾ, ಟೇಪು ಕೊಡಿ!

ಅವರು ಎರಡೂ ಕೈ ಮೇಲೆತ್ತಿ, ಎದೆಯುಬ್ಬಿಸಿ, ಉಸಿರು ಒಳಗೆಳೆದು ನಿಂತರು. ಹೊಟ್ಟೆ ಎಲ್ಲಿ ಅಡಗಿತೋ, ಕಣ್ಣುಗುಡ್ಡೆಗಳು ಮಾತ್ರ ಹೊರಬಂದಿದ್ದವು. ಸಿಸ್ಟರ್ ಟೇಪು ಸುತ್ತಿ ಒಂದು ಗಳಿಗೆ ಕಾದರು.

ಸಿಸ್ಟರ್: ಉಸಿರು ಬಿಡಿ.

ಮೇಷ್ಟ್ರು: ಊಹೂಂ.

ಸಿಸ್ಟರ್: ಚಳಿಗಾಲ ಪೂರ್ತಿ ಹಿಡ್ಕೊಂಡಿರ್ತೀರಾ? ಬಿಡಿ. ನಿಧಾನಕ್ಕೆ... ಹಾಂ... ಇನ್ನೂ ಸ್ವಲ್ಪ... ಭಯ ಬೇಡ, ನಾನಿದೀನಿ... ಬಿಡಿ, ಬಿಡಿ, ಬಿಡಿ...

ಅದು ಹೆರಿಗೆ ವಾರ್ಡಿನ ದನಿ. ಆ ದನಿಗೆ ಎಂಥೆಂಥವರೋ ಮಣಿದಿದ್ದಾರೆ, ಮೇಷ್ಟ್ರು ಯಾವ ಲೆಕ್ಕ? ಉಸಿರು ಭುಸ್ಸೆಂದು ಹೊರಬಂತು, ಅದರ ಹಿಂದೆಯೇ ಹೊಟ್ಟೆ. ಟೇಪಿನ ತುದಿ ಸಿಸ್ಟರ್ ಕೈಯಿಂದ ಜಾರಿತು. ಅಂಗಡಿಯಮ್ಮ ಅಂಚೆಪೆಟ್ಟಿಗೆಯ ಸೇಡು ತೀರಿತೆಂಬಂತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂಗಡಿಯಮ್ಮ: ಸಿಸ್ಟರ್, ಎಷ್ಟು ತಿಂಗಳು?

ಸಿಸ್ಟರ್: ತಮಾಷೆ ಮಾಡಬೇಡಿ ಅಮ್ಮ. ನನ್ನ ವಾರ್ಡಲ್ಲಾದ್ರೆ ಹೊಟ್ಟೆ ಎಷ್ಟೇ ದೊಡ್ಡದಾದ್ರೂ ಒಂದಲ್ಲ ಒಂದು ದಿನ ಇಳಿಯುತ್ತೆ ಅನ್ನೋ ಭರವಸೆ ಇರುತ್ತೆ.

ಅಂಗಡಿಯಮ್ಮ: ಹಾಗಾದ್ರೆ ಎಷ್ಟು ಉಂಡೆ ಕಟ್ಟಲಿ? ಕಳೆದ ಸಲಕ್ಕಿಂತ ಎರಡು ಹೆಚ್ಚಿಗೆ ಸಾಕಾ?

ಸಿಸ್ಟರ್ ಗಂಡನ ಮುಖ ನೋಡಿದರು. ಹೆಣೆದು ಬಿಚ್ಚಿ, ಬಿಚ್ಚಿ ಹೆಣೆದು ಬೇಸತ್ತ ಕೈ ಅದು. ಇನ್ನೊಂದು ಸಲ ಶುರು ಮಾಡಲು ಅದಕ್ಕೆ ಧೈರ್ಯವಿಲ್ಲ. ಮೇಷ್ಟ್ರು ಅಂಗಿಯನ್ನು ಕೆಳಗೆಳೆದುಕೊಂಡು, ಹೊಸಬರಿಗೆ ತಿರುವು ಕಲಿಸುವಾಗಿನ ಗಂಭೀರ ಮುಖ ಮಾಡಿದರು.

ಮೇಷ್ಟ್ರು: ನಿನ್ನ ತಪ್ಪು ಏನು ಗೊತ್ತಾ? ಎದುರಿಂದ ಬರೋ ಬಸ್ಸು ಈಗ ಎಲ್ಲಿದೆ ಅಂತ ನೋಡಿ ಯಾರಾದ್ರೂ ಕಾರು ತಿರುಗಿಸ್ತಾರಾ? ಎಲ್ಲಿಗೆ ಬಂದು ಸೇರುತ್ತೆ ಅಂತ ನೋಡಬೇಕು. ಅಮ್ಮಾ, ಆರು ಉಂಡೆ ಹೆಚ್ಚಿಗೆ ಕಟ್ಟಿ. ನೀನು ಟೇಪಿನ ಮಾತು ಬಿಟ್ಟು ಮುಂದಿನ ಚಳಿಗಾಲದ ಹೊಟ್ಟೆಗೆ ಹೆಣಿ ಕಣೆ. ಹೇಗಾದ್ರೂ ಮಾಡಿ ನಾನು ಅಲ್ಲಿಗೆ ಬಂದು ಸೇರ್ತೀನಿ.